ಸಾಹಸ ಮತ್ತು ಪ್ರಮಾದ: ಆಕ್ರಮಣಶೀಲ ಆಟದ ಧರ್ಮವಿಚಾರ

ಅಪಾಯವನ್ನು ಲೆಕ್ಕಿಸದೆ ಮುನ್ನುಗ್ಗುವುದನ್ನೇ ತನ್ನ ಆಟದ ಸ್ವಭಾವವಾಗಿಸಿಕೊಂಡ ಫುಟ್‌ಬಾಲ್ ತಂಡವೊಂದು, ಸೋಲಿನ ಸಾಧ್ಯತೆ ಎದುರಾದಾಗ ಆ ಸ್ವಭಾವವನ್ನು ತಗ್ಗಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಟದ ತಂತ್ರಕ್ಕೆ ಮಾತ್ರ ಸಂಬಂಧಿಸಿದಂತೆ ಕಾಣುತ್ತದೆ. ಆದರೆ ಅದರೊಳಗೆ ನೀತಿಶಾಸ್ತ್ರದ ಹಳೆಯ ಪ್ರಶ್ನೆಗಳೇ ಅಡಗಿವೆ: ಕರ್ಮದ ಯೋಗ್ಯತೆಯನ್ನು ಅದರ ಫಲದಿಂದ ಅಳೆಯಬೇಕೋ ಅಥವಾ ಅದನ್ನು ಮಾಡಿದ ರೀತಿಯಿಂದ ಅಳೆಯಬೇಕೋ, ಸ್ವಭಾವಕ್ಕೆ ನಿಷ್ಠವಾಗಿರುವುದು ಎಲ್ಲಿಯವರೆಗೆ ಗುಣ ಮತ್ತು ಎಲ್ಲಿಂದಾಚೆಗೆ ಹಟ, ಎಚ್ಚರಿಕೆ ಯಾವಾಗ ವಿವೇಕ ಮತ್ತು ಯಾವಾಗ ಅಂಜಿಕೆಯ ಮರೆವೇಷ. ಈ ಪ್ರಶ್ನೆಗಳನ್ನು ಒರೆಗೆ ಹಚ್ಚಿ ನೋಡಲು ಫುಟ್‌ಬಾಲ್‌ನ ಇತಿಹಾಸದಲ್ಲಿ 1982ರ ವಿಶ್ವಕಪ್‌ನ ಬ್ರೆಜಿಲ್ ತಂಡಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಟೆಲೆ ಸಂತಾನಾ ಅವರು ತರಬೇತುಗೊಳಿಸಿದ್ದ ಆ ತಂಡದಲ್ಲಿ ಜಿಕೊ, ಸಾಕ್ರಟೀಸ್, ಫಲ್ಕಾವೊ ಮತ್ತು ಸೆರೆಜೊ ಎಂಬ ನಾಲ್ವರು ಮಧ್ಯರಂಗದ ಆಟಗಾರರಿದ್ದರು. ರಕ್ಷಣೆಯ ಸಾಲಿನವರೂ ಅವಕಾಶ ಸಿಕ್ಕಿದಾಗಲೆಲ್ಲ ಅವರೊಂದಿಗೆ ಮುಂದೊತ್ತಿ ಆಡುತ್ತಿದ್ದರು. ಸ್ಪೇನ್‌ನಲ್ಲಿ ನಡೆದ ಆ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಈ ತಂಡ ಸೋವಿಯತ್ ಒಕ್ಕೂಟ, ಸ್ಕಾಟ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳನ್ನು ಸೋಲಿಸಿ ಮೂರು ಪಂದ್ಯಗಳಲ್ಲಿ 10 ಗೋಲು ಗಳಿಸಿತು. ಅದೇ ಸುತ್ತಿನಲ್ಲಿ ಇಟಲಿ ಮೂರೂ ಪಂದ್ಯಗಳನ್ನು ಸಮಬಲದಲ್ಲಿ ಮುಗಿಸಿ, ಕೇವಲ 2 ಗೋಲುಗಳೊಂದಿಗೆ ಹೇಗೋ ಮುಂದಿನ ಹಂತ ತಲುಪಿತ್ತು. ಎರಡನೆಯ ಸುತ್ತಿನ ಗುಂಪುಗಳಲ್ಲಿ ತಲಾ ಮೂರು ತಂಡಗಳಿದ್ದು, ಅಗ್ರಸ್ಥಾನ ಪಡೆದ ತಂಡಕ್ಕೆ ಮಾತ್ರ ಸೆಮಿಫೈನಲ್ ಪ್ರವೇಶವಿತ್ತು. ಅರ್ಜೆಂಟೀನಾವನ್ನು ಇಟಲಿ 2-1ರಿಂದಲೂ ಬ್ರೆಜಿಲ್ 3-1ರಿಂದಲೂ ಸೋಲಿಸಿದ್ದರಿಂದ, ಜುಲೈ 5ರಂದು ಬಾರ್ಸಿಲೋನಾದ ಸರಿಯಾ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳು ಎದುರಾದಾಗ ಬ್ರೆಜಿಲ್‌ಗೆ ಸಮಬಲವೊಂದೇ ಸಾಕಾಗಿತ್ತು, ಇಟಲಿಗೆ ಗೆಲುವೇ ಬೇಕಾಗಿತ್ತು.

ಪಂದ್ಯದ 5ನೆಯ ನಿಮಿಷದಲ್ಲಿ ಪಾವ್ಲೊ ರೊಸ್ಸಿ ಇಟಲಿಗೆ ಮುನ್ನಡೆ ತಂದುಕೊಟ್ಟರೆ, 12ನೆಯ ನಿಮಿಷದಲ್ಲಿ ಸಾಕ್ರಟೀಸ್ ಅದನ್ನು ಸರಿಗಟ್ಟಿದರು. 25ನೆಯ ನಿಮಿಷದಲ್ಲಿ ರೊಸ್ಸಿ ಮತ್ತೆ ಗೋಲು ಹೊಡೆದರೆ, 68ನೆಯ ನಿಮಿಷದಲ್ಲಿ ಫಲ್ಕಾವೊ ಮತ್ತೆ ಸಮ ಮಾಡಿದರು. ಆಗ ಅಂಕ 2-2 ಆಗಿದ್ದು, ಉಳಿದ ಅವಧಿಯನ್ನು ಹಾಗೆಯೇ ಕಳೆದಿದ್ದರೆ ಬ್ರೆಜಿಲ್ ಸೆಮಿಫೈನಲ್ ಸೇರುತ್ತಿತ್ತು. 74ನೆಯ ನಿಮಿಷದಲ್ಲಿ ರೊಸ್ಸಿ ಮೂರನೆಯ ಗೋಲು ಹೊಡೆದರು, 3-2ರಿಂದ ಗೆದ್ದ ಇಟಲಿ ಮುಂದೆ ಪೋಲೆಂಡ್ ಮತ್ತು ಪಶ್ಚಿಮ ಜರ್ಮನಿಗಳನ್ನೂ ಸೋಲಿಸಿ ವಿಶ್ವಕಪ್ ತನ್ನದಾಗಿಸಿಕೊಂಡಿತು. ಅಂದಿನಿಂದ ಈ ಪಂದ್ಯದ ಬಗ್ಗೆ ಎರಡು ತೀರ್ಪುಗಳು ಚಾಲ್ತಿಯಲ್ಲಿವೆ. ಸಮಬಲ ಸಾಕಾಗಿದ್ದಾಗಲೂ ಆಕ್ರಮಣವನ್ನು ಬಿಡದ ಬ್ರೆಜಿಲ್ ತನ್ನ ಅವಿವೇಕಕ್ಕೆ ತಕ್ಕ ಬೆಲೆ ತೆತ್ತಿತೆಂಬುದು ಒಂದು. ಸೋತರೂ ತನ್ನ ಸೌಂದರ್ಯವನ್ನು ಮಾರಿಕೊಳ್ಳದ ತಂಡವಾಗಿ ಅದು ವಿಜೇತರಿಗಿಂತ ಮೇಲೆಂಬುದು ಇನ್ನೊಂದು. ಈ ಎರಡೂ ತೀರ್ಪುಗಳು ಒಂದೇ ಊಹೆಯ ಮೇಲೆ ನಿಂತಿವೆ: ಸೋಲಿಗೆ ಕಾರಣ ಸಾಹಸವೇ ಎಂಬ ಊಹೆ. ಅದು ನಿಜವೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಸಂಯಮವನ್ನು ಬೋಧಿಸುವವರು ಸಾಮಾನ್ಯವಾಗಿ ಅರಿಸ್ಟಾಟಲನ ಮಧ್ಯಮಮಾರ್ಗವನ್ನು ಆಧಾರವಾಗಿ ಹಿಡಿಯುತ್ತಾರೆ. ಅವನ ನೀತಿಶಾಸ್ತ್ರದಲ್ಲಿ ಧೈರ್ಯವೆಂಬ ಗುಣ ಹೇಡಿತನ ಮತ್ತು ದುಡುಕು ಎಂಬ ಎರಡು ದೋಷಗಳ ನಡುವೆ ಇರುವಂಥದು. ಆದ್ದರಿಂದ ದುಡುಕಿನ ಕಡೆ ವಾಲಿದ ತಂಡ ಒಂದಿಷ್ಟು ಹಿಂದೆ ಸರಿದು ನಡುವೆ ನಿಲ್ಲಬೇಕೆಂಬುದು ಅವರ ವಾದ. ಆದರೆ ಅರಿಸ್ಟಾಟಲ್ ಹೇಳುವ ಮಧ್ಯ ಅಂಕಗಣಿತದ ಮಧ್ಯವಲ್ಲ. ಹತ್ತು ಪಾಲು ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಆರು ಪಾಲು ಎಲ್ಲರಿಗೂ ಸರಿಯಾದ ಆಹಾರವಾಗದೆಂದೂ, ಮಿಲೊ ಎಂಬ ಪ್ರಸಿದ್ಧ ಕುಸ್ತಿಪಟುವಿಗೆ ಸಾಲದ ಊಟ ಆಗತಾನೇ ಅಖಾಡಕ್ಕಿಳಿದವನಿಗೆ ಅತಿಯಾಗುವುದೆಂದೂ ಅವನೇ ವಿವರಿಸುತ್ತಾನೆ. ಸರಿಯಾದ ಪ್ರಮಾಣವನ್ನು ಆಯಾ ವ್ಯಕ್ತಿ, ಆಯಾ ಸಂದರ್ಭ ನೋಡಿ ಕಂಡುಕೊಳ್ಳುವ ವಿವೇಚನೆಯೇ ಅವನ ಪ್ರಕಾರ ಪ್ರಾಯೋಗಿಕ ವಿವೇಕ. ಜಿಕೊ ಮತ್ತು ಫಲ್ಕಾವೊ ಅವರಂಥವರಿದ್ದ ತಂಡಕ್ಕೆ ಸಹಜವಾದ ಧೈರ್ಯದ ಪ್ರಮಾಣ ಮತ್ತೊಂದು ತಂಡಕ್ಕೆ ದುಡುಕಾಗಬಹುದು. ಅಷ್ಟರಿಂದ ಮೊದಲನೆಯ ತಂಡ ತಪ್ಪು ಮಾಡಿತೆಂದು ಸಿದ್ಧವಾಗುವುದಿಲ್ಲ.

ಸ್ವಭಾವನಿಷ್ಠೆಯನ್ನು ಎತ್ತಿಹಿಡಿಯುವವರಿಗೆ ಭಗವದ್ಗೀತೆಯ ಸ್ವಧರ್ಮದ ಕಲ್ಪನೆ ಆಸರೆಯಾಗುತ್ತದೆ. ಸ್ವಧರ್ಮವೆಂದರೆ ಒಬ್ಬನ ಸ್ವಭಾವದಿಂದಲೂ ಸ್ಥಾನದಿಂದಲೂ ಅವನಿಗೆ ಒದಗಿಬಂದ ಕರ್ತವ್ಯ; ಅದನ್ನು ಕೊರತೆಯೊಡನೆ ಆಚರಿಸುವುದು ಕೂಡ ಪರಧರ್ಮವನ್ನು ಚೆನ್ನಾಗಿ ಆಚರಿಸುವುದಕ್ಕಿಂತ ಶ್ರೇಯಸ್ಕರವೆಂಬುದು ಗೀತೆಯ ನಿಲುವು. ಇದನ್ನು ತಂಡಕ್ಕೆ ಅನ್ವಯಿಸಿದರೆ, ಆಕ್ರಮಣವೇ ಸ್ವಧರ್ಮವಾದ ತಂಡ ಸೋಲಿನ ಭಯದಿಂದ ಎದುರಾಳಿಯ ಆಟವನ್ನು ಅನುಕರಿಸಬಾರದೆಂಬ ತೀರ್ಮಾನ ಹೊರಡುತ್ತದೆ. ಈ ತೀರ್ಮಾನದಲ್ಲಿ ಸತ್ಯವಿದೆ, ಆದರೆ ಅದು ಅರ್ಧಸತ್ಯ. ಗೀತೆ ಸ್ವಧರ್ಮವನ್ನು ಹೇಳುವಾಗಲೇ ಕರ್ಮವನ್ನು ಕುಶಲತೆಯಿಂದ ಮಾಡುವುದನ್ನೇ ಯೋಗವೆಂದೂ ಹೇಳುತ್ತದೆ; ಕೊರತೆಯಿರುವ ಸ್ವಧರ್ಮ ಮೇಲೆಂದರೆ ಕೊರತೆಯನ್ನು ಉಳಿಸಿಕೊಳ್ಳಬೇಕೆಂದು ಅರ್ಥವಲ್ಲ. ಸ್ವಭಾವವನ್ನು ಮುಂದಿಟ್ಟು ಅಜಾಗರೂಕತೆಯನ್ನು ಸಮರ್ಥಿಸುವವರು ಸ್ವಧರ್ಮವೆಂಬ ಗಂಭೀರ ವಿಚಾರವನ್ನು ಹಟಮಾರಿತನಕ್ಕೆ ಹೊದಿಕೆಯಾಗಿಸುತ್ತಾರೆ.

ಸರಿಯಾ ಪಂದ್ಯದಲ್ಲಿ ಇಟಲಿ ಗಳಿಸಿದ ಮೂರು ಗೋಲುಗಳನ್ನು ಒಂದೊಂದಾಗಿ ನೋಡಿದಾಗ ಈ ವಿವೇಚನೆಗೆ ನಿಜವಾದ ತಳಹದಿ ದೊರೆಯುತ್ತದೆ. ಮೊದಲನೆಯ ಗೋಲು, ಎಡಬದಿಯಿಂದ ಕಬ್ರಿನಿ ತೂರಿದ ಚೆಂಡಿಗೆ ರೊಸ್ಸಿ ತಲೆಗೊಟ್ಟಾಗ ಬಂತು. ಗೋಲಿನ ಸಮೀಪಕ್ಕೆ ಬಂದ ಅವರ ಮೇಲೆ ಯಾರ ಕಾವಲೂ ಇರಲಿಲ್ಲ. ಎರಡನೆಯದು, ಬ್ರೆಜಿಲ್ ತನ್ನದೇ ಅರ್ಧದಲ್ಲಿ ಯಾವ ಒತ್ತಡವೂ ಇಲ್ಲದೆ ಚೆಂಡನ್ನು ಹೊಂದಿದ್ದಾಗ, ಸೆರೆಜೊ ಅಡ್ಡಲಾಗಿ ಕೊಟ್ಟ ಸಡಿಲ ಪಾಸನ್ನು ರೊಸ್ಸಿ ನಡುವೆ ಹಿಡಿದು ಮುನ್ನುಗ್ಗಿದ್ದರಿಂದ ಬಂತು. ಮೂರನೆಯದು ಕಾರ್ನರ್ ಕಿಕ್‌ನಿಂದ, ಅಂದರೆ ಮೂಲೆಯ ಒದೆತದಿಂದ ಬಂದದ್ದು. ಆಗ ಬ್ರೆಜಿಲ್‌ನ ಆಟಗಾರರು ರಕ್ಷಣೆಗಾಗಿ ಹಿಂದಕ್ಕೆ ಬಂದು ತಮ್ಮ ಗೋಲಿನ ಮುಂದೆಯೇ ಗುಂಪುಗೂಡಿದ್ದರು, ಆದರೂ ಪೂರ್ಣವಾಗಿ ಹೊರಹೋಗದ ಚೆಂಡನ್ನು ತಾರ್ದೆಲ್ಲಿ ಒದ್ದಾಗ ರೊಸ್ಸಿ ಅದರ ದಿಕ್ಕು ಬದಲಿಸಿ ಒಳಗೆ ಸೇರಿಸಿದರು. ಸಮಬಲ ಸಾಧಿಸಿದ ಮೇಲೆ ಸಂತಾನಾ ಮುಂಚೂಣಿಯ ಸೆರ್ಜಿನ್ಯೊ ಅವರ ಬದಲು ಪೌಲೊ ಇಸಿಡೊರೊ ಅವರನ್ನು ಕಣಕ್ಕಿಳಿಸಿದ್ದನ್ನೂ ಇಲ್ಲಿ ನೆನೆಯಬೇಕು. ಎಲ್ಲರೂ ಮುಂದೆ ನುಗ್ಗಿದ್ದಾಗ ಹಿಂದೆ ತೆರವಾದ ಮೈದಾನದಲ್ಲಿ ಪ್ರತಿದಾಳಿ ನಡೆಸಿ ಗಳಿಸಿದ ಗೋಲು ಇವುಗಳಲ್ಲಿ ಒಂದೂ ಇಲ್ಲ. ಕಾವಲು ತಪ್ಪಿದ್ದು, ಗಮನ ಚದುರಿದ್ದು, ಮುಗಿಯಿತೆಂದುಕೊಂಡ ಕೆಲಸ ಮುಗಿಯದೆ ಉಳಿದದ್ದು ಈ ಮೂರು ಗೋಲುಗಳ ಕಾರಣಗಳು.

ಇಂಥ ದೋಷವನ್ನು ಭಾರತೀಯ ಚಿಂತನೆ ಪ್ರಮಾದವೆಂದು ಗುರುತಿಸಿದೆ. ಪ್ರಮಾದವೆಂದರೆ ಮಾಡುತ್ತಿರುವ ಕೆಲಸದಲ್ಲಿ ಮನಸ್ಸು ಎಚ್ಚರ ತಪ್ಪುವುದು; ಅದು ಅಜ್ಞಾನವೂ ಅಲ್ಲ, ಧೈರ್ಯದ ಅತಿರೇಕವೂ ಅಲ್ಲ. ಬೌದ್ಧ ಪರಂಪರೆಯಲ್ಲಿ ಇದರ ವಿರುದ್ಧ ಗುಣವಾದ ಅಪ್ರಮಾದಕ್ಕೆ ಎಷ್ಟು ಮಹತ್ತ್ವವಿದೆಯೆಂದರೆ, ಧಮ್ಮಪದದ ಒಂದು ಇಡೀ ವರ್ಗ ಅದಕ್ಕೆ ಮೀಸಲಾಗಿದೆ, ಮತ್ತು ಬುದ್ಧನ ಅಂತಿಮ ಉಪದೇಶವೂ ಅಪ್ರಮಾದದಿಂದ ಸಾಧನೆ ನಡೆಸಬೇಕೆಂಬುದೇ ಆಗಿತ್ತೆಂದು ಆ ಪರಂಪರೆ ನಂಬುತ್ತದೆ. ಜೈನರ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೆಂಬ ಫಲವನ್ನಷ್ಟೇ ನೋಡದೆ, ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನೂ ಆ ಲಕ್ಷಣದೊಳಗೆ ಸೇರಿಸುತ್ತದೆ. ಹೊರಗೆ ಏನು ಘಟಿಸಿತು ಎಂಬುದರ ಜೊತೆಗೆ ಮಾಡುವವನ ಮನಸ್ಸು ಎಚ್ಚರವಾಗಿತ್ತೇ ಎಂಬುದನ್ನೂ ಕೇಳದೆ ದೋಷವನ್ನು ನಿರ್ಣಯಿಸಲಾಗದೆಂಬುದು ಇದರ ಸಾರ. ಜೀವಹಿಂಸೆಯ ಗಾಂಭೀರ್ಯಕ್ಕೂ ಚೆಂಡಾಟದ ಸೋಲಿಗೂ ಹೋಲಿಕೆಯಿಲ್ಲ ನಿಜ. ಆದರೆ ಕರ್ತೃವಿನ ಎಚ್ಚರವನ್ನು ಫಲದಿಂದ ಬೇರ್ಪಡಿಸಿ ನೋಡುವ ಈ ವಿವೇಚನಾಕ್ರಮ ಇಲ್ಲಿಯೂ ಸಲ್ಲುತ್ತದೆ.

ಹೀಗೆ ಬೇರ್ಪಡಿಸಿ ನೋಡುವುದು ಏಕೆ ಅಗತ್ಯವೆಂಬುದು ಪಂದ್ಯದ ಕೊನೆಯ ನಿಮಿಷಗಳಲ್ಲಿ ಸ್ಪಷ್ಟವಾಗುತ್ತದೆ. ಬ್ರೆಜಿಲ್‌ನ ಆಸ್ಕರ್ ತಲೆಯಿಂದ ಗೋಲಿನತ್ತ ಕಳುಹಿಸಿದ ಚೆಂಡನ್ನು ಇಟಲಿಯ 40 ವರ್ಷದ ಗೋಲ್‌ಕೀಪರ್ ಡಿನೊ ಜೊಫ್ ಗೋಲುಗೆರೆಯ ಮೇಲೆಯೇ ತಡೆದು ಹಿಡಿದರು. ಆ ಚೆಂಡು ಗೆರೆ ದಾಟಿದ್ದರೆ ಅಂಕ 3-3 ಆಗಿ ಬ್ರೆಜಿಲ್ ಮುಂದೆ ಸಾಗುತ್ತಿತ್ತು, ಅವಿವೇಕವೆಂದು ಖಂಡನೆಗೊಳಗಾದ ಅದೇ ಆಟವನ್ನು ಅದೇ ಜನ ಧೀರೋದಾತ್ತವೆಂದು ಹೊಗಳುತ್ತಿದ್ದರು. ಮಾಡುವವನ ಹಿಡಿತದಲ್ಲಿಲ್ಲದ ಸಂಗತಿಗಳು ಅವನ ಕರ್ಮದ ನೈತಿಕ ಮೌಲ್ಯವನ್ನೇ ಬದಲಿಸುವಂತೆ ತೋರುವ ಈ ಸಮಸ್ಯೆಗೆ ತತ್ತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ 1976ರಲ್ಲಿ ನೈತಿಕ ಅದೃಷ್ಟವೆಂಬ ಹೆಸರು ಕೊಟ್ಟು ಚರ್ಚಿಸಿದರು. ಅದಕ್ಕೂ ಬಹು ಹಿಂದೆ, ರೋಮಿನ ಸಿಸೆರೊ ಸ್ಟೋಯಿಕ್ ದಾರ್ಶನಿಕರ ಮತವನ್ನು ವಿವರಿಸುತ್ತ, ನೇರವಾಗಿ ಗುರಿಯಿಡಲು ತನ್ನಿಂದಾಗುವುದೆಲ್ಲವನ್ನೂ ಮಾಡುವುದು ಬಿಲ್ಲುಗಾರನ ಕೆಲಸ, ಬಾಣ ಗುರಿ ಮುಟ್ಟುವುದು ಅಪೇಕ್ಷಣೀಯವಾದರೂ ಅವನ ನಿಜವಾದ ಧ್ಯೇಯ ಅದಲ್ಲವೆಂಬ ನಿದರ್ಶನವನ್ನು ಬಳಸಿದ್ದ. ಫಲದಲ್ಲಿ ಅಧಿಕಾರವಿಲ್ಲವೆಂಬ ಗೀತೆಯ ಮಾತಿಗೂ ಇದಕ್ಕೂ ಹತ್ತಿರದ ಬಂಧುತ್ವವಿದೆ. ಆದರೆ ಈ ಎರಡೂ ಮತಗಳು ಬಿಲ್ಲುಗಾರನಿಗೆ ಕಣ್ಣು ಮುಚ್ಚುವ ಅನುಮತಿಯನ್ನು ಕೊಡುವುದಿಲ್ಲ. ಫಲವನ್ನು ಬಿಟ್ಟುಕೊಟ್ಟವನಿಗೆ ಉಳಿಯುವುದು ಕರ್ಮವೊಂದೇ ಆದ್ದರಿಂದ, ಅದರಲ್ಲಿ ಎಚ್ಚರ ತಪ್ಪಲು ಅವನಿಗೆ ಇತರರಿಗಿಂತ ಕಡಿಮೆ ಅವಕಾಶವಿದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಏಕಾಂತದಲ್ಲಿ ಸಾಧನೆ ಮಾಡುವವನು ಫಲವನ್ನು ತೊರೆಯಬಹುದು, ಆದರೆ ತಂಡವೊಂದು ತನಗಾಗಿ ಮಾತ್ರ ಆಡುವುದಿಲ್ಲ. ಕೋಟ್ಯಂತರ ಜನರ ಆಸೆಯನ್ನು ಹೊತ್ತವರಿಗೆ ಆ ಆಸೆಯನ್ನು ಪಣಕ್ಕಿಡುವ ಹಕ್ಕಿಲ್ಲ ಎಂಬುದು ಆ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಗೆಲ್ಲಲು ಪ್ರಯತ್ನಿಸದವನು ಆಟವನ್ನೇ ಆಡುತ್ತಿಲ್ಲವಾದ್ದರಿಂದ, ಸೊಗಸಿಗಾಗಿ ಗೆಲುವನ್ನು ಕಡೆಗಣಿಸುವುದು ಜೊತೆಯ ಆಟಗಾರರಿಗೂ ನೋಡುಗರಿಗೂ ಮಾಡುವ ದ್ರೋಹವೇ ಸರಿ. ಆದರೆ ಜನರ ಆಸೆಯಲ್ಲಿ ಏನೇನು ಸೇರಿದೆಯೆಂಬುದನ್ನೂ ವಿಚಾರಿಸಬೇಕು. ತತ್ತ್ವಜ್ಞಾನಿ ಅಲಸ್ಡೇರ್ ಮೆಕಿಂಟೈರ್ 1981ರ ತಮ್ಮ ಗ್ರಂಥದಲ್ಲಿ ಯಾವುದೇ ಕಲೆ ಅಥವಾ ಆಟದಿಂದ ದೊರೆಯುವ ಶ್ರೇಯಸ್ಸನ್ನು ಎರಡಾಗಿ ವಿಂಗಡಿಸಿದರು: ಹಣ ಮತ್ತು ಕೀರ್ತಿಯಂಥವು ಬಾಹ್ಯ ಶ್ರೇಯಸ್ಸುಗಳು, ಅವನ್ನು ಬೇರೆ ದಾರಿಗಳಿಂದಲೂ ಪಡೆಯಬಹುದು, ಆ ಆಟವನ್ನು ಚೆನ್ನಾಗಿ ಆಡುವುದರಿಂದ ಮಾತ್ರ ಸಿಗುವ ನೈಪುಣ್ಯದ ಅನುಭವ ಆಂತರಿಕ ಶ್ರೇಯಸ್ಸು, ಅದು ಒಬ್ಬರಿಗೆ ಸಿಕ್ಕಾಗ ಆ ಆಟವನ್ನು ಪ್ರೀತಿಸುವ ಎಲ್ಲರ ಸೊತ್ತಾಗುತ್ತದೆ. ಕಪ್ ಇಟಲಿಗೆ ಹೋದ ಮೇಲೆ ಬ್ರೆಜಿಲ್‌ಗೆ ಉಳಿಯಲಿಲ್ಲ. ಜಿಕೊ ನೀಡಿದ ಪಾಸಿನಿಂದ ಸಾಕ್ರಟೀಸ್ ಗಳಿಸಿದ ಗೋಲಿನ ಸೊಗಸು ಇಟಲಿಯವರಿಗೂ ಉಳಿದಿದೆ. ಜನರ ಪರವಾಗಿ ಆಡುವ ತಂಡ ಈ ಎರಡೂ ಶ್ರೇಯಸ್ಸುಗಳ ಹೊಣೆ ಹೊತ್ತಿರುತ್ತದೆ, ಬಾಹ್ಯವಾದದ್ದನ್ನು ಕಾಪಾಡುವ ನೆಪದಲ್ಲಿ ಆಂತರಿಕವಾದದ್ದನ್ನು ಕೈಬಿಟ್ಟರೆ ಆ ಹೊಣೆಯ ಅರ್ಧಭಾಗ ಈಡೇರದೆ ಉಳಿಯುತ್ತದೆ.

ಈ ವಾದವನ್ನು ರಕ್ಷಣೆಯ ಆಟದ ನಿಂದೆಯೆಂದು ತಿಳಿಯಬಾರದು. ಎಂಜೊ ಬೆಯರ್ಜೊಟ್ ಅವರ ಇಟಲಿ ತಂಡದ ಜೆಂಟಿಲೆ ಅಂದು ಜಿಕೊ ಅವರನ್ನು ನೆರಳಿನಂತೆ ಹಿಂಬಾಲಿಸಿದರೂ, ಗೆಲುವೇ ಬೇಕಾಗಿದ್ದ ಆ ತಂಡ ಧೈರ್ಯವಾಗಿ ಮುಂದೊತ್ತಿ ಮೂರು ಗೋಲು ಗಳಿಸಿತು. ಎಚ್ಚರವನ್ನು ಕಳೆದುಕೊಳ್ಳದೆ ಸಾಹಸ ಮಾಡಿದ್ದು ಅದರ ಹಿರಿಮೆ. 1994ರಲ್ಲಿ ಕಾರ್ಲೊಸ್ ಆಲ್ಬರ್ಟೊ ಪರೇರಾ ಅವರ ಬ್ರೆಜಿಲ್ ಬಿಗಿಯಾದ, ಜಾಗರೂಕ ಆಟವನ್ನಾಡಿ, ಗೋಲಿಲ್ಲದ ಫೈನಲ್‌ನಲ್ಲಿ ಪೆನಾಲ್ಟಿ ಒದೆತಗಳ ಮೂಲಕ ಇಟಲಿಯನ್ನೇ ಸೋಲಿಸಿ, 24 ವರ್ಷಗಳ ನಂತರ ಕಪ್ ಗೆದ್ದಿತು. ದುಂಗಾ ಅವರ ನಾಯಕತ್ವದ ಆ ತಂಡಕ್ಕೆ ಆ ಶಿಸ್ತೇ ಒಪ್ಪುವ ಆಟವಾಗಿತ್ತು. ಆದ್ದರಿಂದ ಆಕ್ರಮಣ ಮೇಲೋ ರಕ್ಷಣೆ ಮೇಲೋ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರವಿಲ್ಲ. ಈ ತಂಡಕ್ಕೆ, ಈ ಸಾಮರ್ಥ್ಯಕ್ಕೆ ಯಾವುದು ಸಹಜ, ಅದನ್ನು ಎಷ್ಟು ಎಚ್ಚರದಿಂದ ಆಚರಿಸಲಾಗುತ್ತಿದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿದೆ.

ಟೆಲೆ ಸಂತಾನಾ ಅವರ ಮುಂದಿನ ವೃತ್ತಿಜೀವನ ಈ ಉತ್ತರಕ್ಕೆ ಸಾಕ್ಷಿಯಾಗಿದೆ. 1986ರ ವಿಶ್ವಕಪ್‌ನಲ್ಲೂ ಅವರ ಬ್ರೆಜಿಲ್ ಫ್ರಾನ್ಸ್ ಎದುರು ಕ್ವಾರ್ಟರ್‌ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತಾಗ ಅವರ ಆಟದ ನಂಬಿಕೆ ಗೆಲುವಿಗೆ ಒದಗದೆಂದು ಹಲವರು ತೀರ್ಮಾನಿಸಿದ್ದರು. ಆದರೆ ಸಾವೊ ಪಾವ್ಲೊ ಕ್ಲಬ್ಬಿನ ತರಬೇತುದಾರರಾಗಿ ಅವರು 1992 ಮತ್ತು 1993ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಪರಮೋಚ್ಚ ಪ್ರಶಸ್ತಿಯಾದ ಲಿಬರ್ಟಡೋರೆಸ್ ಕಪ್ ಗೆದ್ದುಕೊಟ್ಟರು. ಯುರೋಪಿನ ಕ್ಲಬ್ಬಿನೊಂದಿಗೆ ಟೋಕಿಯೊದಲ್ಲಿ ನಡೆಯುತ್ತಿದ್ದ ಖಂಡಾಂತರ ಪಂದ್ಯದಲ್ಲಿ 1992ರಲ್ಲಿ ಬಾರ್ಸಿಲೋನಾ ತಂಡವನ್ನು 2-1ರಿಂದಲೂ, ಮರುವರ್ಷ ಮಿಲಾನ್ ತಂಡವನ್ನು 3-2ರಿಂದಲೂ ಅವರ ತಂಡ ಸೋಲಿಸಿತು. ಮಿಲಾನ್ ವಿರುದ್ಧದ ಆ ಪಂದ್ಯದಲ್ಲಿ ಗೋಲು ಗಳಿಸಿದವರಲ್ಲಿ, ಸರಿಯಾ ಪಂದ್ಯದಲ್ಲಿ ಸಡಿಲ ಪಾಸು ಕೊಟ್ಟಿದ್ದ ಅದೇ ಸೆರೆಜೊ 38ನೆಯ ವಯಸ್ಸಿನಲ್ಲಿ ಒಬ್ಬರಾಗಿದ್ದರು. ಒಂದು ಕ್ಷಣದ ಪ್ರಮಾದಕ್ಕಾಗಿ ಮನುಷ್ಯನನ್ನಾಗಲಿ ಅವನು ನಂಬಿದ ಮಾರ್ಗವನ್ನಾಗಲಿ ತೊರೆಯುವುದು ಎಷ್ಟು ಅನ್ಯಾಯವಾಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಒಟ್ಟಿನಲ್ಲಿ, ಸಾಹಸವನ್ನು ತಗ್ಗಿಸುವುದು ಮತ್ತು ಪ್ರಮಾದವನ್ನು ನೀಗುವುದು ಬೇರೆಬೇರೆ ಕ್ರಿಯೆಗಳು. ಮೊದಲನೆಯದು ತಂಡದ ಸಾಮರ್ಥ್ಯ ಕುಂದಿದಾಗ ಅಥವಾ ಆಟಗಾರರು ಬದಲಾದಾಗ ಉಚಿತವಾಗಬಹುದು, ಆದರೆ ಕೇವಲ ಸೋಲಿನ ಭಯದಿಂದ ಮಾಡಿದರೆ ಅದು ವಿವೇಕವೆನಿಸದು. ಎರಡನೆಯದು ಎಲ್ಲ ಕಾಲದಲ್ಲಿಯೂ ಎಲ್ಲ ತಂಡಗಳಿಗೂ ಕರ್ತವ್ಯ. ಆಕ್ರಮಣವನ್ನೇ ನೆಚ್ಚಿದ ತಂಡಕ್ಕೆ ಅದು ಇಮ್ಮಡಿ ಕರ್ತವ್ಯ, ಏಕೆಂದರೆ ಹೆಚ್ಚು ಪಣವೊಡ್ಡುವವನು ಹೆಚ್ಚು ಎಚ್ಚರವನ್ನೂ ಒಡ್ಡಬೇಕಾಗುತ್ತದೆ. ಸರಿಯಾ ಪಂದ್ಯದ ಸೋಲಿನಿಂದ ಕಲಿಯಬೇಕಾಗಿದ್ದದ್ದು ಸೆರೆಜೊ ಇನ್ನು ಮುಂದೆ ಧೈರ್ಯದ ಪಾಸು ಕೊಡಬಾರದೆಂಬುದನ್ನಲ್ಲ, ಧೈರ್ಯವೇ ಬೇಡದ ಸುಲಭವಾದ ಪಾಸನ್ನೂ ಪೂರ್ಣ ಮನಸ್ಸಿನಿಂದ ಕೊಡಬೇಕೆಂಬುದನ್ನು. ಈ ಪಾಠವನ್ನು ತಪ್ಪಾಗಿ ಓದಿ ಸಾಹಸವನ್ನೇ ಕೈಬಿಟ್ಟ ತಂಡಕ್ಕೆ ಪ್ರಮಾದದಿಂದ ಬಿಡುಗಡೆ ದೊರೆಯುವುದಿಲ್ಲ, ಏಕೆಂದರೆ ತನ್ನ ಗೋಲಿನ ಮುಂದೆ ಗುಂಪುಗೂಡಿ ನಿಂತಾಗಲೂ ಎಚ್ಚರ ತಪ್ಪಬಹುದೆಂಬುದನ್ನು ಅಂದಿನ ಮೂರನೆಯ ಗೋಲೇ ತೋರಿಸಿಕೊಟ್ಟಿದೆ.