ಇನ್ನೊಂದು ಅಂತಸ್ತು

ಕಳೆದ ವರ್ಷ ದೀಪಾವಳಿಗೆ ಇನ್ನೂ ಒಂದು ತಿಂಗಳಿರುವಾಗ ನಮ್ಮ ಮನೆಗೆ ತಂತಿಯ ರ‍್ಯಾಕೊಂದು ಬಂತು. ಬಂದದ್ದು ಚಪ್ಪಟೆಯಾದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಒಳಗೆ ನಾಲ್ಕು ಕಂಬ, ಐದು ತಂತಿಯ ಹಲಗೆ, ಒಂದು ಚೀಲದ ತುಂಬ ಪ್ಲಾಸ್ಟಿಕ್ಕಿನ ಚಿಕ್ಕ ಚಿಕ್ಕ ಹೋಳುಗಳು. ಮೊಳೆಯಿಲ್ಲ, ತಿರುಪಿಲ್ಲ, ಬಡಗಿಯ ಹಂಗಂತೂ ಇಲ್ಲವೇ ಇಲ್ಲ. ಅರ್ಧ ತಾಸಿನಲ್ಲಿ ಅದು ಅಡಿಗೆಮನೆಯ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿತು. ನೆಲದ ಮೇಲೆ, ಕಟ್ಟೆಯ ಮೇಲೆ, ಕಿಟಕಿಯ ಅಂಚಿನಲ್ಲಿ ಹರಡಿಕೊಂಡಿದ್ದ ಸಾಮಾನುಗಳೆಲ್ಲ ಸಾಲಾಗಿ ಏರಿ ಕುಳಿತವು. ಮನೆಯೇ ದೊಡ್ಡದಾದಂತೆ ನಮಗೆ ತೋರಿತು. ಆ ಹುರುಪಿನಲ್ಲಿ ನಾವು ಮಾಡಿದ ಒಂದು ಕೆಲಸವೇ ಈ ಬರಹಕ್ಕೆ ಕಾರಣ. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು ರ‍್ಯಾಕಿನ ಮಾತು.

ಸಾಮಾನನ್ನು ನೆಲದಿಂದ ಮೇಲಕ್ಕೆತ್ತುವ ಯೋಚನೆ ಹೊಸದೇನಲ್ಲ. ನಮ್ಮ ಊರ ಮನೆಗಳಲ್ಲಿ ನೆಲುವು ಇತ್ತು. ತೊಲೆಗೆ ಕಟ್ಟಿದ ಹಗ್ಗದ ಬಲೆಯಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ದೊಡ್ಡದರ ಮೇಲೆ ಚಿಕ್ಕದಾಗಿ ತೂಗುತ್ತಿದ್ದವು. ಬೆಕ್ಕಿಗೆ ಎಟುಕದು, ಸುತ್ತಲೂ ಗಾಳಿ. ದೀಪಕ್ಕೆ ಗೋಡೆಯಲ್ಲಿ ಮಾಡ, ಡಬ್ಬಿಗಳಿಗೆ ನಾಗಂದಿಗೆ, ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆಗಳಿಗೆ ಅಟ್ಟ. ಇವುಗಳಿಗೆಲ್ಲ ಒಂದು ಸಮಾನ ಗುಣವಿತ್ತು: ಅವು ಬೆಳೆಯುತ್ತಿರಲಿಲ್ಲ. ಮಾಡದಲ್ಲಿ ಒಂದೇ ದೀಪ. ನೆಲುವು ಎಷ್ಟು ಗಡಿಗೆ ಹೊತ್ತೀತೋ ಅಷ್ಟೇ. ಹೊಸದೊಂದು ಬಂದರೆ ಹಳೆಯದೊಂದು ಬೇರೆಯವರ ಮನೆಗೆ ಹೋಗಬೇಕು. ‘ಸಾಕು’ ಎಂಬ ಮಾತನ್ನು ಗೋಡೆಯೇ ಹೇಳುತ್ತಿತ್ತು, ನಾವು ಹೇಳಬೇಕಾಗಿರಲಿಲ್ಲ.

ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮವರಿಗೆ ಮುಂಬಯಿಯ ಗೋಡೆ ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿತು. ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲಿಯೇ ಮೇಜು ಸರಿಸಿ ಮಲಗುತ್ತಿದ್ದ ಹುಡುಗನ ಆಸ್ತಿಯೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಅಡಗುತ್ತಿತ್ತು. ಸಂಸಾರ ಹೂಡಿದವರಿಗೆ ಚಾಳಿನಲ್ಲೊಂದು ಖೋಲಿ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಖೋಲಿಯ ಅಳತೆ 160 ಚದರಡಿ. ಅಡಿಗೆ, ಊಟ, ಓದು, ಬಾಣಂತನ, ಊರಿನಿಂದ ಬಂದ ನೆಂಟರ ವಾಸ ಎಲ್ಲವೂ ಅದರಲ್ಲಿಯೇ. ನೆಲ ಸಾಲದಿದ್ದಾಗ ಜನ ಮೇಲೆ ನೋಡಿದರು. ಸೂರಿನ ಕೆಳಗೆ ಮಾಳಾ ಹಾಕಿಸಿದರು. ಮರಾಠಿ ನೆರೆಯವರನ್ನು ನೋಡಿ ತಾಟು ಲೋಟಗಳಿಗೆಂದು ಗೋಡೆಗೊಂದು ಮಾಂಡಣಿ ತೂಗುಹಾಕಿದರು. ನಮ್ಮ ಮನೆಯ ಅವ್ವ 1974ರಲ್ಲಿ ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವಳು. ಮೀರಜಿನಲ್ಲಿ ಗಾಡಿ ಬದಲಿಸುವಾಗ ಹಾಸಿಗೆಯ ಸುರುಳಿಯ ಜೊತೆಗೆ, ತವರಿನವರು ಕೊಟ್ಟ ತಾಮ್ರದ ಹಂಡೆಯನ್ನೂ ಈ ಗಾಡಿಯಿಂದ ಆ ಗಾಡಿಗೆ ಸಾಗಿಸಿದ್ದಳಂತೆ. ಚಾಳಿನ ಖೋಲಿಯಲ್ಲಿ ಆ ಹಂಡೆ ಮಾಳಾ ಏರಿ ಕುಳಿತಿತು. ಮುಂದೆ ನಾವು ಉಪನಗರದ ಒಂದು ಬೆಡ್‌ರೂಮಿನ ಮನೆಗೆ ಬಂದಾಗ ಅದೂ ಬಂದು ಅಲ್ಲಿಯ ಅಟ್ಟವನ್ನೇರಿತು.

ಇಂದು ಮನೆಮನೆಯಲ್ಲಿ ಕಾಣುವ ಇಂಥ ಜೋಡಣೆಯ ರ‍್ಯಾಕುಗಳ ಒಂದು ಬೇರು ಸ್ವೀಡನ್ ದೇಶದಲ್ಲಿದೆ. ನಿಸ್ಸೆ ಸ್ಟ್ರಿನ್ನಿಂಗ್ ಎಂಬ ವಾಸ್ತುಶಿಲ್ಪಿ 1940ರ ದಶಕದಲ್ಲಿ, ತೊಳೆದ ತಟ್ಟೆಗಳನ್ನು ಒಣಗಿಸಲೆಂದು ಪ್ಲಾಸ್ಟಿಕ್ ಹೊದಿಸಿದ ತಂತಿಯ ಚೌಕಟ್ಟೊಂದನ್ನು ರೂಪಿಸಿದ್ದ. 1949ರಲ್ಲಿ ಬೊನ್ನಿಯೆರ್ ಎಂಬ ಪ್ರಕಾಶನ ಸಂಸ್ಥೆ ಪುಸ್ತಕದ ಕಪಾಟಿಗಾಗಿ ಒಂದು ಸ್ಪರ್ಧೆ ಇಟ್ಟಿತು. ಕಪಾಟು ಅಗ್ಗವಾಗಿರಬೇಕು, ಸಾಗಿಸಲು ಸುಲಭವಾಗಿರಬೇಕು, ಕೊಂಡವರೇ ಜೋಡಿಸಿಕೊಳ್ಳುವಂತಿರಬೇಕು. ಸ್ಟ್ರಿನ್ನಿಂಗ್ ಮತ್ತು ಅವನ ಪತ್ನಿ ಕಾಯ್ಸಾ ಅದೇ ಬಗೆಯ ತಂತಿಯಿಂದ ಏಣಿಯಂಥ ಪಕ್ಕೆಗಳನ್ನು ಮಾಡಿ, ನಡುವೆ ಹಲಗೆಗಳನ್ನು ಸಿಕ್ಕಿಸಿ ಆ ಸ್ಪರ್ಧೆಯನ್ನು ಗೆದ್ದರು. ಕಡಿಮೆ ಹಣ, ಕಡಿಮೆ ಜಾಗ ಇದ್ದವರ ಮನೆಯಲ್ಲಿಯೂ ಪುಸ್ತಕಕ್ಕೆ ಒಂದು ನೆಲೆ ಸಿಗಲಿ ಎಂಬ ಆಸೆ ಅದರ ಹಿಂದಿತ್ತು. ಆದ್ದರಿಂದ ರ‍್ಯಾಕನ್ನು ಭೋಗದ ವಸ್ತು ಎಂದು ಹಳಿಯಲು ನಮಗೆ ಮನಸ್ಸಿಲ್ಲ.

ನಮ್ಮ ಮನೆಗೆ ಬಂದದ್ದು ಆಸ್ಪತ್ರೆಗಳಲ್ಲಿ, ದೊಡ್ಡ ಹೋಟೆಲುಗಳ ಉಗ್ರಾಣಗಳಲ್ಲಿ ಕಾಣುವ ಜಾತಿಯದು. ಅದರ ಕಂಬದ ಉದ್ದಕ್ಕೂ ಅಂಗುಲಕ್ಕೊಂದು ಗೆರೆ ಕೊರೆದಿರುತ್ತದೆ. ಬೇಕಾದ ಗೆರೆಯಲ್ಲಿ ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಕೂಡಿಸಿ ಬಳೆಯಂತೆ ತೊಡಿಸಬೇಕು. ಬಳೆ ಮೇಲ್ಗಡೆ ಸಪೂರ, ಕೆಳಗಡೆ ದಪ್ಪ. ಹಲಗೆಯ ಮೂಲೆಯ ಉಂಗುರ ಮೇಲಿನಿಂದ ಇಳಿದು ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ. ಕಳಚಬೇಕೆಂದರೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಏಟು ಕೊಟ್ಟರೆ ಸಾಕು. ಕಂಬಕ್ಕೆ ಕಂಬ ಜೋಡಿಸಿ ಎತ್ತರಿಸಲೂ ಬಹುದು, ಪಕ್ಕಕ್ಕೆ ಬೆಳೆಸಲೂ ಬಹುದು. ಮುಂಬಯಿಯ ಮಳೆಗಾಲದಲ್ಲಿ ಮರದ ಕಪಾಟು ಬೂಸ್ಟು ಹಿಡಿದು ಬಾಗಿಲು ಉಬ್ಬುತ್ತದೆ. ತಂತಿಯ ನಡುವೆ ಗಾಳಿಯಾಡುವುದರಿಂದ ಇಲ್ಲಿ ಆ ಪೀಡೆಯಿಲ್ಲ. ಲೇಪ ಎದ್ದುಹೋದ ಬೆಸುಗೆಯ ಬಳಿ ತುಕ್ಕು ಹಿಡಿಯುವುದುಂಟು, ಅಷ್ಟೇ.

ಇಷ್ಟು ಗುಣಗಳುಳ್ಳ ವಸ್ತುವಿನ ಮೇಲೆ ನಮ್ಮ ತಕರಾರು ಏನು? ಒಂದೇ. ಅದು ಎಂದೂ ‘ಸಾಕು’ ಎನ್ನುವುದಿಲ್ಲ. ನಾಗಂದಿಗೆ ತುಂಬಿದರೆ ಗೃಹಿಣಿ ನಿಂತು ಯೋಚಿಸುತ್ತಿದ್ದಳು. ರ‍್ಯಾಕು ತುಂಬಿದರೆ ಯೋಚನೆಯಿಲ್ಲ, ಇನ್ನೊಂದು ಅಂತಸ್ತು. ಅಂತಸ್ತು ಎಂದರೆ ಕನ್ನಡದಲ್ಲಿ ಮಹಡಿಯೂ ಹೌದು, ಸ್ಥಾನಮಾನವೂ ಹೌದು. ಎರಡನೆಯ ಅರ್ಥದಲ್ಲಿಯೂ ಮನುಷ್ಯನಿಗೆ ಇನ್ನೊಂದು ಬೇಕೆನಿಸುತ್ತಲೇ ಇರುತ್ತದೆ. ನಮ್ಮ ರ‍್ಯಾಕಿನ ನಾಲ್ಕನೆಯ ಹಲಗೆಯ ಮೇಲೆ ಏನಿತ್ತೆಂದು ಒಂದು ಭಾನುವಾರ ಎಣಿಸಿ ನೋಡಿದೆವು. ಖಾಲಿ ಗಾಜಿನ ಬಾಟಲಿ ಹದಿನಾಲ್ಕು. ಮೋಟಾರು ಸುಟ್ಟ ಮಿಕ್ಸರು ಒಂದು. ಯಾವ ಡಬ್ಬಿಗೂ ಹೊಂದದ ಮುಚ್ಚಳ ಒಂಬತ್ತು. ಗೃಹಪ್ರವೇಶದ ಉಡುಗೊರೆಯಾಗಿ ಬಂದು ಇನ್ನೂ ಬಿಚ್ಚದ ಗಾಜಿನ ಲೋಟದ ಪೆಟ್ಟಿಗೆ ಎರಡು. ಇವೆಲ್ಲ ನೀಟಾಗಿ, ಸಾಲಾಗಿ ಇದ್ದವು. ಅಚ್ಚುಕಟ್ಟಾಗಿರುವುದು ಅಗತ್ಯವಾದದ್ದೂ ಇರಬೇಕೆಂದು ಕಣ್ಣು ನಂಬಿಬಿಡುತ್ತದೆ. ಅಸ್ತವ್ಯಸ್ತವಾಗಿ ಬಿದ್ದಿದ್ದರೆ ಎಂದೋ ಎಸೆಯುತ್ತಿದ್ದೆವು.

ನಮ್ಮ ನಾಡಿನ ಹಿರಿಯರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲರು. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗಿಡಲಿಲ್ಲ; ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಆ ಗುಡಿಸಲಿನಲ್ಲಿ ಜಾಗವಿರಲಿಲ್ಲವೆಂದಲ್ಲ. ಒಂದು ಸೇರು ಅಕ್ಕಿಗೆ ಎಷ್ಟು ಜಾಗ ಬೇಕು? ಜೈನಧರ್ಮವೂ ಇದನ್ನೇ ವ್ರತವಾಗಿಸಿದೆ. ಮುನಿಗೆ ಏನನ್ನೂ ಇಟ್ಟುಕೊಳ್ಳುವ ಹಕ್ಕಿಲ್ಲ. ಗೃಹಸ್ಥನಿಗೆ ಅಷ್ಟು ಕಠಿಣವಿಲ್ಲ. ಅವನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬಂಗಾರ, ಧಾನ್ಯ, ಬಟ್ಟೆ, ಪಾತ್ರೆ ಇವುಗಳಿಗೆ ‘ಇಷ್ಟು, ಇದಕ್ಕಿಂತ ಹೆಚ್ಚಿಲ್ಲ’ ಎಂದು ಅವನು ತಾನೇ ಮೊದಲೇ ಅಳತೆ ಹಾಕಿಕೊಳ್ಳಬೇಕು. ಗೋಡೆಗೆ ಮುಟ್ಟಿದ ಮೇಲೆ ನಿಲ್ಲುವುದು ಬೇರೆ, ಜಾಗವಿದ್ದೂ ನಿಲ್ಲುವುದು ಬೇರೆ. ಎರಡನೆಯದಕ್ಕೆ ಮಾತ್ರ ವ್ರತವೆಂದು ಹೆಸರು.

ಆದರೆ ಇದಕ್ಕೊಂದು ಎದುರು ಮಾತೂ ಉಂಟು. ಅದನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಉಳ್ಳವರು ಅಪರಿಗ್ರಹದ ಮಾತಾಡುವುದು ಸುಲಭ. ಖಾಲಿ ಡಬ್ಬಿಯನ್ನು ಎಸೆಯದ ನಮ್ಮ ಹಿರಿಯರು ಆಸೆಬುರುಕರಾಗಿರಲಿಲ್ಲ. ಇಂದು ಎಸೆದದ್ದನ್ನು ನಾಳೆ ಕೊಳ್ಳಲು ಕೈಯಲ್ಲಿ ಕಾಸಿರದ ದಿನಗಳನ್ನು ಅವರು ಕಂಡಿದ್ದರು. ಪರವೂರಿನಲ್ಲಿ ಬೇಕಾದಾಗ ಎರವಲು ಕೇಳಲು ಅಣ್ಣತಮ್ಮಂದಿರ ಮನೆ ಪಕ್ಕದಲ್ಲಿಲ್ಲ. ಒಮ್ಮೆ ಬೇರು ಕಿತ್ತು ಬಂದವರು ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯುತ್ತಾರೆ. ಅದು ಲೋಭವಲ್ಲ, ಭಯ. ಭಯಕ್ಕೆ ಉಪದೇಶ ಔಷಧವಲ್ಲ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ನಮ್ಮ ಹದಿನಾಲ್ಕು ಬಾಟಲಿಗಳಿಗೆ ಆ ಭಯದ ನೆಪವೂ ಇರಲಿಲ್ಲ. ಅವು ಉಳಿದದ್ದು ಜಾಗವಿತ್ತೆಂದು ಮಾತ್ರ.

ಈಗ ನಾವು ಮಾಡಿದ ಕೆಲಸ. ರ‍್ಯಾಕು ನಿಂತ ಮರುದಿನ, ಇದೇ ಹುರುಪಿನಲ್ಲಿ ಅಟ್ಟವನ್ನೂ ಸ್ವಚ್ಛ ಮಾಡೋಣವೆಂದು ಹೊರಟೆವು. ಎಲ್ಲ ಸಾಮಾನುಗಳಿಗೂ ಒಂದೊಂದು ಹಲಗೆ ಸಿಕ್ಕಿತು; ಹಂಡೆಗೆ ಸಿಗಲಿಲ್ಲ. ಹಲಗೆಯ ಅಗಲ ಹದಿನಾಲ್ಕು ಅಂಗುಲ, ಹಂಡೆಯ ಹೊಟ್ಟೆ ಅದಕ್ಕಿಂತ ದೊಡ್ಡದು. ಗುಜರಿಯವನನ್ನು ಕರೆದೆವು. ಅವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಾಗ ಅವ್ವನನ್ನು ಕೇಳಿದೆವು. “ನಿಮ್ಮ ಮನಿ, ನಿಮಗ ಹ್ಯಾಂಗ ಬೇಕೋ ಹಾಂಗ ಮಾಡ್ರಿ” ಎಂದಳು. ಹಂಡೆ ತೂಕಕ್ಕೆ ಹೋಯಿತು. ಖಾಲಿಯಾದ ಅಟ್ಟದ ಮೇಲೆ, ಎಂದಾದರೂ ಮನೆ ಬದಲಿಸಿದರೆ ಬೇಕಾದೀತೆಂದು, ರ‍್ಯಾಕು ಬಂದ ರಟ್ಟಿನ ಪೆಟ್ಟಿಗೆಯನ್ನೇ ಇಟ್ಟೆವು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಕೆಲಸದಿಂದ ಮನೆಗೆ ಬಂದಾಗ ಬಚ್ಚಲಿನಲ್ಲಿ ದೀಪ ಉರಿಯುತ್ತಿತ್ತು. ಪ್ರತಿ ವರ್ಷ ಆ ಸಂಜೆ ಹಂಡೆಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊರಳಿಗೆ ಸುಣ್ಣದ ಗೆರೆ ಎಳೆದು, ಹೂವು ಸುತ್ತಿ ನೀರು ತುಂಬುವುದು ಅವ್ವನ ರೂಢಿ. ಮರುದಿನ ನಸುಕಿನಲ್ಲಿ ಗೀಸರಿನ ನೀರಿಗೆ ಹಂಡೆಯ ನೀರು ಒಂದೊಂದು ತಂಬಿಗೆ ಬೆರೆಸಿ ನಮಗೆಲ್ಲ ಎರೆಯುತ್ತಿದ್ದಳು. ಆ ದಿನ ಅವಳು ಪ್ಲಾಸ್ಟಿಕ್ಕಿನ ಬಕೆಟ್ಟಿನ ಮುಂದೆ ಕುಳಿತು ಅದಕ್ಕೆ ಸುಣ್ಣ ಹಚ್ಚುತ್ತಿದ್ದಳು. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಗೆರೆ ನಿಲ್ಲಲಿಲ್ಲ. ಒರೆಸಿ ಇನ್ನೊಮ್ಮೆ ಎಳೆದಳು. ನಮಗೆ ಏನೂ ಹೇಳಲಿಲ್ಲ.

ನಾವು ತಪ್ಪು ಮಾಡಿದೆವೆ? ಕೇಳಿಯೇ ಮಾರಿದೆವು, ಅನುಮತಿಯೂ ಸಿಕ್ಕಿತ್ತು. ಆದರೆ ತಕ್ಕಡಿಯವನನ್ನು ನಿಲ್ಲಿಸಿಕೊಂಡು ಕೇಳುವ ಪ್ರಶ್ನೆ ಪ್ರಶ್ನೆಯಲ್ಲ. ಬೆಲೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು ಎಂದು ನಾವು ತೂಗಿ ನೋಡಲೂ ಇಲ್ಲ. ಹದಿನಾಲ್ಕು ಅಂಗುಲದ ಹಲಗೆ ಹೇಳಿದಂತೆ ನಡೆದೆವು. ಹಲಗೆಗೆ ಹೊಂದಿದ ಸುಟ್ಟ ಮಿಕ್ಸರು ಉಳಿಯಿತು, ಹೊಂದದ ಹಂಡೆ ಹೋಯಿತು. ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ ಮಾತು ಇನ್ನೊಂದು. ಮನೆ ಹಗುರಾಯಿತೆಂದು ಆ ದಿನ ಏನೋ ತ್ಯಾಗ ಮಾಡಿದವರಂತೆ ಹಿಗ್ಗಿದ್ದೆವು. ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದು ತನ್ನ ಒಲೆಗೆ ಬಂದ ಅಕ್ಕಿಯನ್ನು. ಅಣುವ್ರತಿ ಅಳತೆ ಹಾಕುವುದು ತನ್ನ ಪಾತ್ರೆಗಳಿಗೆ. ನಾವು ನಮ್ಮದನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡು ಇನ್ನೊಬ್ಬರದನ್ನು ಬಿಟ್ಟಿದ್ದೆವು. ಇದಕ್ಕೆ ಅಪರಿಗ್ರಹ ಎಂಬ ಹೆಸರು ಸಲ್ಲದು.

ಹಬ್ಬ ಮುಗಿದ ಮೇಲೆ ಗುಜರಿ ಅಂಗಡಿಗೆ ಹೋಗಿ ವಿಚಾರಿಸಿದೆವು. ತಾಮ್ರ ಅಂಗಡಿಯಲ್ಲಿ ನಿಲ್ಲುವುದಿಲ್ಲ, ಆ ವಾರವೇ ಕರಗಿಸುವವರಿಗೆ ಹೋಯಿತು ಎಂದ. ಹೊಸ ಹಂಡೆ ತರುತ್ತೇವೆಂದರೆ ಅವ್ವ ಬೇಡವೆಂದಳು. ರ‍್ಯಾಕಿನ ನಾಲ್ಕನೆಯ ಹಲಗೆಯನ್ನು ಮಾತ್ರ ಕಳಚಿದೆವು. ನಾಲ್ಕು ಮೂಲೆಗೆ ಕೆಳಗಿನಿಂದ ನಾಲ್ಕು ಏಟು, ಎದ್ದು ಬಂತು. ಸೇರಿಸುವಷ್ಟೇ ಸುಲಭವಾಗಿ ಕಳಚಲೂ ಬರುತ್ತದೆ ಎಂಬುದು ಆ ರ‍್ಯಾಕಿನ ದೊಡ್ಡ ಗುಣ. ಅದನ್ನು ಬಳಸುವವರು ಕಡಿಮೆ. ಬಾಟಲಿಗಳು ನಮ್ಮ ಕಟ್ಟಡದಲ್ಲಿಯೇ ಉಪ್ಪಿನಕಾಯಿ ಮಾಡಿ ಮಾರುವ ತಾಯಿಯೊಬ್ಬರಿಗೆ ಹೋದವು. ಈಗ ಮನೆಗೆ ಏನಾದರೂ ಹೊಸದು ತರುವವರು ತಮ್ಮದೊಂದನ್ನು ಹೊರಗೆ ಕಳಿಸಬೇಕೆಂದು ಕಟ್ಟಳೆ ಮಾಡಿಕೊಂಡಿದ್ದೇವೆ, ತಮ್ಮದನ್ನೇ, ಬೇರೆಯವರದನ್ನಲ್ಲ. ಈ ಕಟ್ಟಳೆ ಎರಡು ಸಲ ಮುರಿದಿದೆ, ಹಲವು ಸಲ ನಡೆದಿದೆ. ಹಲಗೆ ತೆಗೆದ ಜಾಗ ಹಾಗೆಯೇ ಇದೆ. ಈಚೆಗೆ ಅವ್ವ ತನ್ನ ಹಿತ್ತಾಳೆಯ ತಂಬಿಗೆಯನ್ನು ಅಲ್ಲಿ ಇಡತೊಡಗಿದ್ದಾಳೆ.

ಓದುಗರಲ್ಲಿ ಬಹಳ ಜನರ ಮನೆಯಲ್ಲಿಯೂ ಇಂಥದೊಂದು ರ‍್ಯಾಕು ಇದ್ದೀತು, ಅಟ್ಟದ ಮೇಲೆ ಊರಿನಿಂದ ಬಂದ ಒಂದು ಪಾತ್ರೆಯೂ ಇದ್ದೀತು. ಇನ್ನೊಂದು ಅಂತಸ್ತು ಏರಿಸುವ ಮುನ್ನ, ಅಥವಾ ಅಟ್ಟ ಇಳಿಸುವ ಮುನ್ನ, ಮನೆಯ ಹಿರಿಯರನ್ನು ಕೇಳಿರಿ. ಕೇಳುವಾಗ ತಕ್ಕಡಿಯವನು ಬಾಗಿಲಲ್ಲಿ ನಿಂತಿರದಿರಲಿ.