ಸದ್ದು ಮಾಡುವ ಸೈಲೆನ್ಸರ್

ಹೋದ ಅಕ್ಟೋಬರಿನಲ್ಲಿ ನನ್ನ ವಾಟ್ಸಾಪ್‌ಗೆ ಒಂದು ಕೊಟೇಶನ್ ಬಂತು. ಸ್ಟೇನ್‌ಲೆಸ್ ಸ್ಟೀಲ್ ಎಕ್ಸಾಸ್ಟ್, ಫಿಟ್ಟಿಂಗ್ ಸೇರಿ 62,000 ರೂಪಾಯಿ. ಜೊತೆಗೆ ಹನ್ನೆರಡು ಸೆಕೆಂಡಿನ ಒಂದು ವಿಡಿಯೊ. ನನ್ನದೇ ಮಾಡೆಲಿನ ಕಾರು ನಿಂತಲ್ಲೇ ಗುಡುಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತ ಸಿಡಿಯುತ್ತದೆ. ಆಫೀಸಿನ ಕೆಫೆಟೇರಿಯಾದಲ್ಲಿ ಕೂತು ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪಕ್ಕದ ಟೇಬಲ್ಲಿನವರಿಗೆ ತೊಂದರೆ ಆಗಬಾರದು ಅಂತ ಇಯರ್‌ಫೋನ್ ಹಾಕಿಕೊಂಡಿದ್ದೆ. ಇದರಲ್ಲಿ ಏನೋ ವಿಚಿತ್ರ ಇದೆ ಅಂತ ಆಗ ಹೊಳೆಯಲಿಲ್ಲ.

ನನ್ನದು ಹ್ಯುಂಡೈ ಐ20 ಎನ್ ಲೈನ್. ಒಂದು ಲೀಟರಿನ ಟರ್ಬೊ ಎಂಜಿನ್, 120 ಪಿಎಸ್. ಅಸಲಿ ಸ್ಪೋರ್ಟ್ಸ್ ಕಾರಿನವರು ಇದನ್ನು ಕೇಳಿ ನಗಬಹುದು, ನಗಲಿ. ತಿಂಗಳ ಐದನೇ ತಾರೀಖು ಇಎಂಐ ಕಟ್ಟುವವನಿಗೆ ಅದೇ ಪೋರ್ಷೆ. ಕಂಪನಿಯವರೇ ಇದಕ್ಕೆ ಎರಡು ಬಾಯಿಯ ಎಕ್ಸಾಸ್ಟ್ ಕೊಟ್ಟು, ಸದ್ದನ್ನೂ ಕೊಂಚ ಗಡಸಾಗಿ ಟ್ಯೂನ್ ಮಾಡಿದ್ದಾರೆ. ಆದರೂ ನನಗೆ ಸಾಲದು ಅನ್ನಿಸಿತ್ತು. ಆಫೀಸಿನ ಗೆಳೆಯನಂತೂ, "ಮಗಾ, ಸ್ಟಾಕ್ ಸೈಲೆನ್ಸರ್‌ನಲ್ಲಿ ಲೈಫೇ ಇಲ್ಲ" ಅಂತ ದಿನಾ ಹೇಳುತ್ತಿದ್ದ. ಅವನ ಕಾರಿಗೆ ಆಗಲೇ ಆಫ್ಟರ್‌ಮಾರ್ಕೆಟ್ ಬಂದಾಗಿತ್ತು. "ದೀಪಾವಳಿಗೆ ನನ್ನ ಕಾರು ತಗೊಂಡು ಊರಿಗೆ ಹೋಗಿ ಬಾ. ಓಡಿಸಿ ನೋಡು, ಆಮೇಲೆ ತೀರ್ಮಾನ ಮಾಡು" ಅಂದ. ಕೀ ಅದಲು ಬದಲು ಮಾಡಿಕೊಂಡೆವು.

ಮುಂದಿನ ಕಥೆಗೆ ಮೊದಲು, ಈ ಕೊಳವೆಯೊಳಗೆ ಏನಾಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಲಿ. ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಬಿಸಿ ಅನಿಲ ಒತ್ತಡದಿಂದ ಹೊರಗೆ ನುಗ್ಗುತ್ತದೆ. ನಿಮಿಷಕ್ಕೆ ಸಾವಿರಾರು ಸಣ್ಣ ಸ್ಫೋಟಗಳ ಉಸಿರು ಅದು. ದಾರಿಯಲ್ಲಿ ಮೊದಲು ಕ್ಯಾಟಲಿಟಿಕ್ ಕನ್ವರ್ಟರ್ ಸಿಗುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿದ ಜೇನುಗೂಡಿನಂಥ ಈ ಭಾಗ ವಿಷಾನಿಲಗಳನ್ನು ಕಡಿಮೆ ಮಾಡುತ್ತದೆ. ಅದರ ನಂತರ ನಾವು ಸೈಲೆನ್ಸರ್ ಅನ್ನುವ ಡಬ್ಬ. ಒಳಗೆ ಕೋಣೆಗಳು, ತೂತುಬಿದ್ದ ಕೊಳವೆಗಳು, ಕೆಲವದರಲ್ಲಿ ಗಾಜಿನ ನಾರು. ಶಬ್ದದ ಅಲೆಗಳು ಗೋಡೆಗೆ ಬಡಿದು, ಒಂದಕ್ಕೊಂದು ಎದುರಾಗಿ, ತಮ್ಮನ್ನು ತಾವೇ ಕೊಂದುಕೊಳ್ಳುತ್ತವೆ. ಆಫ್ಟರ್‌ಮಾರ್ಕೆಟ್ ಅಂದರೆ ಸಾಮಾನ್ಯವಾಗಿ ಕನ್ವರ್ಟರಿನ ಹಿಂದಿನ ಈ ಭಾಗವನ್ನು ತೆಗೆದು, ಅಗಲವಾದ, ಅಡೆತಡೆ ಕಡಿಮೆಯಿರುವ ಕೊಳವೆ ಹಾಕುವುದು. ಇನ್ನೂ ಹುಚ್ಚಿದ್ದವರು ಕನ್ವರ್ಟರನ್ನೇ ಕಿತ್ತು ಹಾಕುತ್ತಾರೆ. ಅದು ಶಬ್ದದ ಮಾತಲ್ಲ, ಹೊಗೆಯ ಮಾತು. ಅದರ ಬಗ್ಗೆ ಚರ್ಚೆಯೇ ಬೇಡ.

ಪವರ್ ಎಷ್ಟು ಹೆಚ್ಚುತ್ತದೆ? ನಮ್ಮಂಥ ಸಣ್ಣ ಟರ್ಬೊ ಕಾರುಗಳಲ್ಲಿ ಹಿಂದಿನ ಕೊಳವೆಯೊಂದನ್ನೇ ಬದಲಿಸಿದರೆ ಸಿಗುವುದು ಬಹಳ ಕಡಿಮೆ. ಗ್ಯಾರೇಜಿನವನೂ ನಗುತ್ತಾ ಒಪ್ಪಿಕೊಂಡ. ಅಂದರೆ 62,000 ಕೊಟ್ಟು ನಾನು ಕೊಳ್ಳಹೊರಟಿದ್ದು ವೇಗವನ್ನಲ್ಲ, ಸದ್ದನ್ನು. ಸೈಲೆನ್ಸರ್ ಅಂತ ಹೆಸರಿಟ್ಟ ವಸ್ತುವನ್ನು ಸದ್ದಿಗಾಗಿ ಕೊಳ್ಳುವ ಜನ ನಾವು.

ದೀಪಾವಳಿಯ ಹಿಂದಿನ ರಾತ್ರಿ ಯಲ್ಲಾಪುರ ದಾಟುವಾಗ ಹನ್ನೊಂದು ಗಂಟೆ. ಇಡಗುಂದಿ ಕಳೆದ ಮೇಲೆ ಅರಬೈಲ್ ಘಟ್ಟ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಅಲ್ಲಿ ಮಡಚಿಕೊಳ್ಳುತ್ತಾ ಕರಾವಳಿಗೆ ಇಳಿಯುತ್ತದೆ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಕಾಡು ತುಂಬಿದ ಕಣಿವೆ. ಕಿಟಕಿ ಇಳಿಸಿದೆ, ಗೇರ್ ಇಳಿಸಿದೆ. ಗುಡ್ಡಕ್ಕೆ ಬಡಿದು ವಾಪಸು ಬಂದ ಆ ಶಬ್ದ ಇದೆಯಲ್ಲ, ಸುಳ್ಳು ಹೇಳುವುದಿಲ್ಲ, ಮೈ ಜುಮ್ಮೆಂದಿತು. ವಾರಗಟ್ಟಲೆ ಸ್ಪ್ರಿಂಟ್, ಸ್ಟ್ಯಾಂಡ್‌ಅಪ್ ಅಂತ ಮ್ಯೂಟ್ ಬಟನ್ ಒತ್ತಿಕೊಂಡು ಬದುಕುವವನಿಗೆ, ಕಾಲಬೆರಳಿನ ತುದಿಯಿಂದ ಒಂದು ಕಣಿವೆಯನ್ನೇ ತುಂಬಿಸಬಹುದು ಅನ್ನುವುದು ಸಣ್ಣ ಸುಖವಲ್ಲ. ಈ ಸುಖವನ್ನು ಬರೀ ಶೋಕಿ ಅಂತ ತಳ್ಳಿಹಾಕುವವರ ಜೊತೆ ನನಗೆ ಇವತ್ತಿಗೂ ಜಗಳವಿದೆ.

ನಮ್ಮ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಂಗಳಕ್ಕೆ ಬಂದಾಗ ಅಪ್ಪ ಮನೆಯಲ್ಲಿರಲಿಲ್ಲ. ಭತ್ತ ತೆನೆಯಾಗಿದ್ದ ಕಾಲ, ಗದ್ದೆಯ ಮಾಳದಲ್ಲಿ ಹಂದಿ ಕಾಯಲು ಹೋಗಿದ್ದ. ಟಾರ್ಚ್ ಹಿಡಿದು ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಗಾಡಿ ಎಂತಾರೂ ಹಾಳಾಜನಾ ತಮಾ? ಸೈಲೆನ್ಸರ್ ಒಡೆದೋಜು ಅಂದ್ಕಂಡಿ."

ನಾನು ವಿವರಿಸಿದೆ. ದುಡ್ಡು ಕೊಟ್ಟು ಹೀಗೆ ಮಾಡಿಸುತ್ತಾರೆ ಅಂದಾಗ ಅವನು ಬೈಯಲಿಲ್ಲ, ನಗಲೂ ಇಲ್ಲ. ಇಡಗುಂದಿ ದಾಟಿದಾಗಲೇ ಕೇಳಿಸಲು ಶುರುವಾಯಿತು, ಅಲ್ಲಿಂದ ಮುಂದೆ ಬೇರೇನೂ ಕೇಳಲಿಲ್ಲ ಅಂದ ಅಷ್ಟೇ. "ಹಂದಿ ಹೆದರಿ ಓಡಿರಬೇಕಲ್ಲ" ಅಂತ ತಮಾಷೆ ಮಾಡಿದೆ. ಹೆದ್ದಾರಿಯ ಸದ್ದು ಹಂದಿಗೆ ಎಂದೋ ರೂಢಿಯಾಗಿದೆ, ಹಂದಿಯ ಸದ್ದು ಕೇಳಬೇಕಾದದ್ದು ನಮಗೆ ಅಂದ. ಬೆಳಿಗ್ಗೆ ನೋಡಿದರೆ ಗದ್ದೆಯ ಒಂದು ಮೂಲೆಯಲ್ಲಿ ಪೈರು ಮಲಗಿತ್ತು. ಹಂದಿ ನಾನು ಬರುವಾಗಲೇ ನುಗ್ಗಿದವೋ, ನಡುರಾತ್ರಿ ನುಗ್ಗಿದವೋ ಯಾರಿಗೂ ಗೊತ್ತಿಲ್ಲ. ಅಪ್ಪ ಆ ಮಾತೇ ಎತ್ತಲಿಲ್ಲ.

ಘಟ್ಟದ ಜನರಿಗೆ ರಾತ್ರಿ ಕಿವಿಯೇ ಕಣ್ಣು. ಲಾರಿ ಯಾವ ಗೇರಿನಲ್ಲಿ ಇಳಿಯುತ್ತಿದೆ, ಲೋಡ್ ಇದೆಯೋ ಖಾಲಿಯೋ, ಬ್ರೇಕ್ ಸರಿಯಿದೆಯೋ ಅನ್ನುವುದನ್ನು ಅಪ್ಪ ಮಲಗಿದಲ್ಲೇ ಹೇಳುತ್ತಾನೆ. 2021ರ ಜುಲೈ ಮಳೆಯಲ್ಲಿ ಗುಡ್ಡ ಕುಸಿದು ಘಟ್ಟದ ಸಂಚಾರ ನಿಂತಾಗ, ಸದ್ದಿಲ್ಲದ ಆ ರಾತ್ರಿಗಳಲ್ಲಿ ತನಗೆ ನಿದ್ದೆಯೇ ಬರಲಿಲ್ಲ ಅಂತ ಆಯಿ ಈಗಲೂ ಹೇಳುತ್ತಾಳೆ. 2025ರ ಜನವರಿ 22ರ ಬೆಳಗಿನ ಜಾವ ಇದೇ ಹೆದ್ದಾರಿಯಲ್ಲಿ, ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಕಂದಕಕ್ಕೆ ಉರುಳಿ 10 ಜನ ತೀರಿಕೊಂಡರು. ಆಮೇಲಿಂದ ಯಾವುದಾದರೂ ಲಾರಿಯ ಸದ್ದು ತಿರುವಿನಲ್ಲಿ ಸಡನ್ನಾಗಿ ನಿಂತರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಕೂರುತ್ತಾರೆ.

"ಲಾರಿಗಳ ಸದ್ದು ನನ್ನ ಕಾರಿಗಿಂತ ಜಾಸ್ತಿ ಅಲ್ವಾ?" ಅಂತ ಮರುದಿನ ವಾದ ಹೂಡಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಅಂದ: "ಲಾರಿಯವಕ್ಕೆ ಹೊಟ್ಟೆಪಾಡು. ನಿಂಗೆ ಎಂತದು?"

ಜರ್ಮನಿಯ ಶೋಪೆನ್‌ಹೌವರ್ 1851ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಗದ್ದಲದ ಮೇಲೂ ಒಂದಿದೆ. ಅವನ ಸಿಟ್ಟೆಲ್ಲ ಗಾಡಿಯವರು ಬೀದಿಯಲ್ಲಿ ಚಟೀರೆನಿಸುವ ಚಾಟಿಯ ಮೇಲೆ. ಸುತ್ತಿಗೆಯ ಸದ್ದು, ಮಕ್ಕಳ ಅಳು ಕೂಡ ಅವನಿಗೆ ಹಿಂಸೆಯೇ. ಆದರೆ ಚಾಟಿ ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಬೇಕಿಲ್ಲದ ಸದ್ದು, ಕುದುರೆಗಳೂ ಅದಕ್ಕೆ ಕಿವಿಗೊಡುವುದಿಲ್ಲ ಅನ್ನುತ್ತಾನೆ. ಅಪ್ಪ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಶೋಪೆನ್‌ಹೌವರ್‌ಗೆ ಚಿಂತೆಯಿದ್ದದ್ದು ಯೋಚಿಸುವ ಬುದ್ಧಿವಂತರ ಬಗ್ಗೆ. ಗದ್ದಲ ತಡೆದುಕೊಳ್ಳುವವರು ಬುದ್ಧಿ ಕಡಿಮೆಯವರು ಅನ್ನುವ ಅಹಂಕಾರ ಅವನಿಗಿತ್ತು. ಮಾಳದಲ್ಲಿ ಕೂತು ಪೈರಿನ ಸರಸರ ಆಲಿಸುವವನೂ ಕಿವಿಯಿಂದಲೇ ಕೆಲಸ ಮಾಡುತ್ತಿದ್ದಾನೆ ಅನ್ನುವುದು ಅವನಿಗೆ ಹೊಳೆದಂತೆ ಕಾಣುವುದಿಲ್ಲ.

ಹಾಗಾದರೆ 'ಅಗತ್ಯದ ಸದ್ದು ಸರಿ, ಅನಗತ್ಯದ್ದು ತಪ್ಪು' ಅಂತ ಮುಗಿಸಬಹುದಾ? ನನಗೆ ಎರಡು ತೊಡಕು ಕಂಡವು.

ಮೊದಲನೆಯದು, ಅಗತ್ಯ ಅನ್ನುವ ಮಾತನ್ನು ಯಾರು ಬೇಕಾದರೂ ಹೇಳಬಹುದು. ನಾನು ಹುಡುಗನಾಗಿದ್ದಾಗ ಇದೇ ಘಟ್ಟದಲ್ಲಿ ಬಳ್ಳಾರಿ ಕಡೆಯ ಅದಿರು ಹೊತ್ತ ಲಾರಿಗಳು ಹಗಲೂ ರಾತ್ರಿ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದವು. ಅಭಿವೃದ್ಧಿ, ರಫ್ತು, ಉದ್ಯೋಗ ಅಂತೆಲ್ಲ ಆ ಗದ್ದಲಕ್ಕೆ ಹೆಸರಿತ್ತು. ಅದರಲ್ಲಿ ಅಕ್ರಮದ ಪಾಲೆಷ್ಟು ಅನ್ನುವುದು 2011ರ ಲೋಕಾಯುಕ್ತ ವರದಿಯಲ್ಲಿ ಬಂತು. ಡ್ರೈವರನಿಗೆ ಅದು ಹೊಟ್ಟೆಪಾಡೇ. ಆದರೆ ಘಟ್ಟದ ಜನ ಸಹಿಸಿಕೊಂಡ ಆ ಸದ್ದು ಯಾರ ಅಗತ್ಯಕ್ಕೆ?

ಎರಡನೆಯದು, ಖುಷಿಯ ಸದ್ದೆಲ್ಲ ತಪ್ಪು ಅಂದರೆ ನಮ್ಮೂರಿನಲ್ಲಿ ಯಕ್ಷಗಾನವೇ ಇರುವ ಹಾಗಿಲ್ಲ. ಚಂಡೆಯ ಪೆಟ್ಟು ಕಣಿವೆಯಾಚೆಗೂ ಕೇಳುತ್ತದೆ, ಅದೂ ಬೆಳತನಕ. ಹೊಟ್ಟೆಗೆ ಬೇಕಾದದ್ದೇನೂ ಅಲ್ಲ. ಆದರೂ ಅದನ್ನು ನನ್ನ ಎಕ್ಸಾಸ್ಟಿನ ಪಕ್ಕ ಇಡಲು ಮನಸ್ಸು ಒಪ್ಪುವುದಿಲ್ಲ. ಯಾಕೆ ಅಂತ ಹಬ್ಬದ ಎರಡು ದಿನವೂ ಯೋಚಿಸಿದೆ. ಚಂಡೆಯ ಸದ್ದಿಗೆ ನಿದ್ದೆಗೆಟ್ಟವನು ಎದ್ದು ಹೋಗಿ ಮುಂದಿನ ಸಾಲಿನಲ್ಲಿ ಕೂರಬಹುದು. ಇಷ್ಟವಿಲ್ಲದಿದ್ದರೆ ಮರುದಿನ ಆಟ ಆಡಿಸಿದವರ ಮನೆಗೆ ಹೋಗಿ ಜಗಳವಾಡಬಹುದು. ಸದ್ದು ಮಾಡಿದವರು ಅಲ್ಲೇ ಇರುತ್ತಾರೆ. ನನ್ನ ಕಾರಿನ ವಿಷಯದಲ್ಲಿ ಎರಡಕ್ಕೂ ದಾರಿಯಿಲ್ಲ. ಕೊಳವೆ ಇರುವುದೇ ಹಿಂದೆ. ಸುಖವನ್ನು ನಾನು ಮುಂದಕ್ಕೆ ಒಯ್ಯುತ್ತೇನೆ, ಉಳಿದದ್ದು ಹಿಂದಿನವರಿಗೆ. ಯಾರಾದರೂ ಎದ್ದು ಬಾಗಿಲು ತೆಗೆದು ನೋಡುವಷ್ಟರಲ್ಲಿ ನಾನು ಮುಂದಿನ ತಿರುವಿನಲ್ಲಿರುತ್ತೇನೆ.

ಹೀಗಾಗಿ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ 'ಎಷ್ಟು ಡೆಸಿಬಲ್' ಅನ್ನುವುದಷ್ಟೇ ಅಲ್ಲ. ಈ ಸದ್ದು ಬಿದ್ದ ಜಾಗಕ್ಕೆ ವಾಪಸು ಹೋಗಿ, ಅಲ್ಲಿರುವವರ ಎದುರು ನಿಂತು, ಕಾರಣ ಹೇಳಲು ನನ್ನಿಂದ ಆಗುತ್ತದಾ? ಆಂಬುಲೆನ್ಸಿನವನಿಗೆ ಆಗುತ್ತದೆ. ಈರುಳ್ಳಿ ಲಾರಿಯವನಿಗೂ ಆಗುತ್ತದೆ. ಅದಿರಿನ ಮಾಲೀಕನಿಗೆ ಆಗುತ್ತಿರಲಿಲ್ಲ. ಅಪ್ಪನ ಎದುರು ನನಗೂ ಆಗಲಿಲ್ಲ.

ಕಾನೂನಿನ ಮಾತು ಬೇಡವಾ ಅಂದರೆ, ಅದೂ ಇದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಡೆಸಿಬಲ್ ಲೆಕ್ಕ ನಮ್ಮ ಸಂಬಳದ ಲೆಕ್ಕದಂತಲ್ಲ; ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತುಪಟ್ಟು, ಕಿವಿಗೆ ಸುಮಾರು ಎರಡರಷ್ಟು. ಶಬ್ದದ ಮಿತಿ ಮೀರುವ ವಾಹನ ಓಡಿಸಿದರೆ 2019ರ ತಿದ್ದುಪಡಿಯ ನಂತರ 10,000 ರೂಪಾಯಿವರೆಗೆ ದಂಡ ಬೀಳಬಹುದು, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಆದರೆ ಪೊಲೀಸರಿಲ್ಲದ ಘಟ್ಟದಲ್ಲಿ, ರಾತ್ರಿ ಹನ್ನೊಂದಕ್ಕೆ, ದಂಡದ ಭಯ ಎಷ್ಟು ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತು. ಆ ರಾತ್ರಿ ಓಡಿಸಿದವನು ನಾನೇ.

ಬೆಂಗಳೂರಿಗೆ ವಾಪಸು ಬಂದು ಕೀ ಕೊಟ್ಟಾಗ ಗೆಳೆಯ ಕೇಳಿದ, "ಹೆಂಗಿತ್ತು?" "ಸಖತ್ತಾಗಿತ್ತು" ಅಂದೆ. ಅದು ನಿಜ. "ಯಾವತ್ತು ಹಾಕಿಸ್ತೀಯ?" "ಹಾಕ್ಸಲ್ಲ." ಕಾರಣ ಹೇಳಿದೆ. ಅವನು ಒಪ್ಪಲಿಲ್ಲ. ವಾಲ್ವ್ ಇರುವ ಎಕ್ಸಾಸ್ಟ್ ಹಾಕಿಸು, ಊರು ಬಂದಾಗ ಬಟನ್ ಒತ್ತಿ ಮುಚ್ಚಿಕೋ ಅಂದ. ಯೋಚಿಸಬೇಕಾದ ಮಾತೇ. ಆದರೆ ಕಾಡಿನ ನಡುವೆ ಎಲ್ಲಿ ಮನೆಯಿದೆ, ಎಲ್ಲಿ ಮಾಳವಿದೆ ಅನ್ನುವುದು ಹೆದ್ದಾರಿಯಲ್ಲಿ ಹೋಗುವವನಿಗೆ ಕಾಣುವುದಿಲ್ಲ. ನನ್ನ ಮನೆಯೂ ಕಾಣುವುದಿಲ್ಲ. ಬಿಎಂಡಬ್ಲ್ಯು 2011ರ ಎಂ5 ಕಾರಿನಲ್ಲಿ ಎಂಜಿನ್ನಿನ ಸದ್ದನ್ನು ಸ್ಪೀಕರಿನಲ್ಲಿ ಒಳಗಿನವರಿಗೆ ಕೇಳಿಸಿದಾಗ ಕಾರುಪ್ರಿಯರು ನಕಲಿ ಅಂತ ಗೇಲಿ ಮಾಡಿದ್ದರು. ನಾನೂ ಮಾಡಿದ್ದೆ. ಈಗ ಅದು ಅಷ್ಟು ನಗೆಪಾಟಲು ಅನ್ನಿಸುವುದಿಲ್ಲ. ಕೆಫೆಟೇರಿಯಾದಲ್ಲಿ ನಾನು ಇಯರ್‌ಫೋನ್ ಹಾಕಿಕೊಂಡದ್ದೂ ಇನ್ನೇನು?

ಸ್ಟಾಕ್ ಉಳಿಸಿಕೊಂಡವನೆಲ್ಲ ಸಂತನಲ್ಲ. ಕಿರುಚುವ ಹಾರ್ನ್ ಹೊಡೆಯುತ್ತಾ ಹೋಗುವವನ ಕಾರಿನಲ್ಲೂ ಕಂಪನಿ ಸೈಲೆನ್ಸರೇ ಇರುತ್ತದೆ. ನನಗೂ ಆ ರಾತ್ರಿಯ ಆಸೆ ಪೂರ್ತಿ ಹೋಗಿಲ್ಲ. ಕೊಟೇಶನ್ ಇನ್ನೂ ಡಿಲೀಟ್ ಮಾಡಿಲ್ಲ, ವಿಡಿಯೊ ಕೂಡ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ, ನನ್ನ ಕಾರಿನಲ್ಲಿ. ತಡರಾತ್ರಿ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಅಪ್ಪ ಟಾರ್ಚ್ ಹಿಡಿದು ದಣಪೆ ತೆಗೆಯುತ್ತಿದ್ದ. ಫೋನ್ ಮಾಡಿರಲಿಲ್ಲ, ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಕಡೇ ತಿರುವಿನಲ್ಲಿ ಗೊತ್ತಾತು" ಅಂದ.