ಸಂಕಟವಿಲ್ಲದ ದಿನದ ವೆಂಕಟರಮಣ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಇನ್ನೊಬ್ಬರನ್ನು ಕುರಿತು ಆಡುತ್ತೇವೆ. ನಮ್ಮನ್ನೇ ಕುರಿತು ಆಡಿಕೊಳ್ಳುವುದು ಅಪೂರ್ವ. ಆ ಮಾತಿನಲ್ಲಿ ಆಕ್ಷೇಪದ ಧ್ವನಿಯಿರುವುದು ನಿಜವಾದರೂ, ಅದನ್ನು ಕೊಂಚ ನಿಧಾನಿಸಿ ಪರಿಶೀಲಿಸಿದವರಿಗೆ, ಆ ಆಕ್ಷೇಪವು ಸಂಕಟಕಾಲದ ಸ್ಮರಣೆಯ ಮೇಲೆ ಇಲ್ಲವೆಂದೂ, ಸಂಕಟವು ಕಳೆದು ಕಣಜದಲ್ಲಿ ಕಾಳು, ಕೊಟ್ಟಿಗೆಯಲ್ಲಿ ಹಾಲು, ಮನಸ್ಸಿನಲ್ಲಿ ನೆಮ್ಮದಿ ನೆಲಸಿದ ಮೇಲೆ ಆ ಸ್ಮರಣೆಗೆ ಒದಗುವ ಗತಿಯ ಮೇಲೆ ಇದೆಯೆಂದೂ ತಿಳಿಯದಿರದು. ದುಃಖದಲ್ಲಿ ದೇವರನ್ನು ಬಿಡದಿರುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಪುರಾಣಗಳೂ ಸಂತರೂ ಹೇರಳವಾಗಿ ಉತ್ತರ ಹೇಳಿದ್ದಾರೆ. ಸುಖದಲ್ಲಿ ಬಿಡದಿರುವುದು ಹೇಗೆ ಎಂಬುದು ಅದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ನನ್ನ ಮನಸ್ಸಿಗೆ ತೋರುವ ಮಟ್ಟಿಗೆ ಅದಕ್ಕಿಂತ ಕಠಿನವಾದ ಪ್ರಶ್ನೆ.

ಮಾಗಡಿ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ದೇವರ ಗೂಡಿನ ಪಕ್ಕದ ಗೂಟಕ್ಕೆ ಒಂದು ಮುಡಿಪು ತೂಗುತ್ತಿತ್ತು. ನಾನು ಆರು ವರ್ಷದವನಾಗಿದ್ದಾಗ ವಿಷಮಶೀತ ಜ್ವರ ಬಂದು, ಎರಡು ವಾರ ಕಳೆದರೂ ಮೈಕಾವು ಇಳಿಯದೆ, ಮನೆಯವರೆಲ್ಲ ಧೈರ್ಯಗೆಟ್ಟ ಒಂದು ರಾತ್ರಿ ನಮ್ಮ ಅಜ್ಜಿ ಒಂದೂಕಾಲು ರೂಪಾಯಿಯನ್ನು ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಗಂಟುಹಾಕಿ, ಮಗು ಎದ್ದು ಕುಳಿತರೆ ತಿರುಮಲೆಯ ರಂಗನಾಥಸ್ವಾಮಿಯ ಸನ್ನಿಧಿಗೆ ಕರೆತಂದು ಒಪ್ಪಿಸುವೆನೆಂದು ಕಟ್ಟಿದ ಮುಡಿಪು ಅದು. ಜ್ವರ ಇಳಿಯಿತು. ಗಂಜಿಯಿಂದ ಮುದ್ದೆಗೆ ಬಂದೆ. ಮತ್ತೆ ಶಾಲೆಗೆ ಹೋದೆ. ಆ ವರ್ಷ ಮಳೆಯೂ ಹದವಾಗಿ ಬಂದು ರಾಗಿಯ ಹೊಲ ತೆನೆದುಂಬಿತು. ತಿರುಮಲೆಯು ನಮ್ಮೂರಿನಿಂದ ಬೆಳಗ್ಗೆ ನಡೆದುಹೋಗಿ ಹೊತ್ತು ಮುಳುಗುವುದರೊಳಗೆ ಹಿಂತಿರುಗಬಹುದಾದಷ್ಟು ಸಮೀಪ. ‘ಮುಡಿಪು ಹಂಗೇ ಐತೆ ಕಣಪ್ಪ’ ಎಂದು ಅಜ್ಜಿ ಆಗಾಗ ಹೇಳುವಳು. ‘ಈ ಸುಗ್ಗಿ ಮುಗೀಲಿ ಕಣವ್ವ’ ಎಂದು ಅಪ್ಪ ಉತ್ತರ ಕೊಡುವರು. ಸುಗ್ಗಿಗಳು ಮುಗಿದವು. ಅರಿಸಿನ ಮಾಸಿ, ಒಲೆಯ ಹೊಗೆ ಕೂತು, ಬಟ್ಟೆ ಕಂದುಗಟ್ಟಿತು. ಕೊನೆಗೆ ಆ ಗಂಟನ್ನು ಗೂಟದಿಂದ ಇಳಿಸಿದ್ದು ಏಳು ವರ್ಷದ ಮೇಲೆ, ಬಾವಿ ಬತ್ತಿ, ಉಳುವ ಎತ್ತೊಂದು ಸತ್ತು, ಮನೆಗೆ ಮತ್ತೆ ಕಷ್ಟ ಬಂದಾಗ. ಅಂದು ಅದರ ಜೊತೆಯಲ್ಲಿ ಹೊಸದೊಂದು ಗಂಟೂ ಸಿದ್ಧವಾಗಿತ್ತು.

ಆ ಏಳು ವರ್ಷಗಳಲ್ಲಿ ನಮ್ಮ ಮನೆಯವರು ಯಾರೂ ನಾಸ್ತಿಕರಾಗಿರಲಿಲ್ಲ. ಶನಿವಾರದ ದೀಪ ತಪ್ಪಲಿಲ್ಲ, ರಂಗನಾಥನಿಲ್ಲವೆಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ಅಪ್ಪ ಸಹಿಸುತ್ತಲೂ ಇರಲಿಲ್ಲ. ಸುಖವು ಮನುಷ್ಯನಿಂದ ದೇವರನ್ನು ಅಲ್ಲಗಳೆಯಿಸುವುದು ಕಡಮೆ. ಅಲ್ಲಗಳೆಯುವುದಕ್ಕೂ ಆಲೋಚನೆ ಬೇಕು, ಛಲ ಬೇಕು. ಮರೆಯುವುದಕ್ಕೆ ಏನೂ ಬೇಡ. ಸಮೃದ್ಧಿಯ ಕಾಲದಲ್ಲಿ ಭಕ್ತಿಗೆ ಶತ್ರು ವಿಸ್ಮೃತಿ ಎಂಬ ಈ ಸಂಗತಿಯನ್ನು ಮೊದಲು ಮನಗಾಣದಿದ್ದರೆ ಮುಂದಿನ ವಿಚಾರವೆಲ್ಲ ದಾರಿ ತಪ್ಪೀತು.

ಗೀತೆಯ ಏಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತನ್ನನ್ನು ಭಜಿಸತಕ್ಕವರನ್ನು ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ನೊಂದು ಕರೆಯುವವನು ಆರ್ತ, ತಿಳಿಯಬೇಕೆಂಬವನು ಜಿಜ್ಞಾಸು, ಏನನ್ನಾದರೂ ಪಡೆಯಬೇಕೆಂದು ಬಂದವನು ಅರ್ಥಾರ್ಥಿ, ಪಡೆಯುವುದೇನೂ ಉಳಿಯದಿದ್ದರೂ ಬಿಡದವನು ಜ್ಞಾನಿ. ಇವರಲ್ಲಿ ಜ್ಞಾನಿಯೇ ತನಗೆ ಅತ್ಯಂತ ಪ್ರಿಯನೆಂದು ಹೇಳಿದರೂ, ಭಗವಂತನು ನಾಲ್ವರನ್ನೂ ಉದಾರರೆಂದೇ ಕರೆದಿರುವುದನ್ನು ನಾವು ಗಮನಿಸತಕ್ಕದ್ದು. ಆದುದರಿಂದ ಜ್ವರದ ರಾತ್ರಿಯಲ್ಲಿ ಮುಡಿಪು ಕಟ್ಟಿದ ಅಜ್ಜಿಯನ್ನಾಗಲಿ, ಮಳೆ ಹೋದ ವರ್ಷ ಕನಕಪುರದ ಕಡೆಯಿಂದ ಕಬ್ಬಾಳಮ್ಮನ ಬೆಟ್ಟದ ಬುಡಕ್ಕೆ ಹರಕೆ ಹೊತ್ತು ನಡೆಯುವ ಒಕ್ಕಲಮಕ್ಕಳನ್ನಾಗಲಿ ಕೀಳಾಗಿ ಕಾಣುವ ಅಧಿಕಾರ ಯಾವ ಪಂಡಿತನಿಗೂ ಇಲ್ಲ. ಅವರ ಭಕ್ತಿ ಸತ್ಯವಾದದ್ದು. ಒಂದು ಘಟನೆಗೆ ಕಟ್ಟಿದ್ದರಿಂದ, ಘಟನೆ ಮುಗಿದೊಡನೆ ಹಗ್ಗ ಸಡಿಲವಾಗುತ್ತದೆ, ಅಷ್ಟೇ.

ಇದನ್ನು ವಿವೇಚಿಸುವುದಕ್ಕೆ ನಮ್ಮ ಮೀಮಾಂಸಕರು ಒಂದು ಒಳ್ಳೆಯ ಪರಿಭಾಷೆಯನ್ನು ಒದಗಿಸಿದ್ದಾರೆ. ಕರ್ಮಗಳಲ್ಲಿ ಕಾಮ್ಯವೆಂಬುದೊಂದು, ನಿತ್ಯವೆಂಬುದೊಂದು. ನಡುವೆ ನೈಮಿತ್ತಿಕ, ಅಂದರೆ ಗ್ರಹಣಸ್ನಾನದಂತೆ ನಿಮಿತ್ತ ಒದಗಿದಾಗ ಮಾಡುವಂಥದು. ಮಳೆ ಬೇಕಾದವನು ಕಾರೀರಿ ಇಷ್ಟಿಯನ್ನು ಮಾಡುತ್ತಾನೆ. ಮಳೆ ಬೇಡದವನು ಮಾಡಬೇಕಾದದ್ದಿಲ್ಲ, ಮಾಡದಿದ್ದರೆ ದೋಷವೂ ಇಲ್ಲ. ಇದು ಕಾಮ್ಯ. ಸಂಧ್ಯಾವಂದನೆಯು ಹಾಗಲ್ಲ. ಅದರಿಂದ ಇಂಥ ಐಶ್ವರ್ಯ ದೊರೆಯುವುದೆಂಬ ಆಶ್ವಾಸನವಿಲ್ಲ. ಬಿಟ್ಟರೆ ಮಾತ್ರ ಪ್ರತ್ಯವಾಯವುಂಟು. ಸೂರ್ಯನು ಹುಟ್ಟಿದನು, ಆದ್ದರಿಂದ ಎದ್ದು ಅರ್ಘ್ಯ ಕೊಡಬೇಕು. ನಿನ್ನೆ ಮಗಳ ಮದುವೆಯಾಯಿತೆಂದೊ, ಇಂದು ಮನೆಯಲ್ಲಿ ಹಣವಿದೆಯೆಂದೊ ಅದಕ್ಕೆ ರಜೆಯಿಲ್ಲ. ಯಜ್ಞಶಾಲೆಯಲ್ಲಿ ಹುಟ್ಟಿದ ಈ ವಿಂಗಡಣೆಯನ್ನೇ ಭಾಗವತವು ಪ್ರೀತಿಯ ಕ್ಷೇತ್ರಕ್ಕೆ ಕೊಂಡೊಯ್ದು, ಹೇತುವಿಲ್ಲದ, ತಡೆಯಿಲ್ಲದ ಭಕ್ತಿಯೇ ಪರಮಧರ್ಮವೆಂದು ಸಾರುವಂತೆ ನನಗೆ ಕಾಣುತ್ತದೆ. ಕಾಮ್ಯವಾಗಿದ್ದ ಭಕ್ತಿ ನಿತ್ಯವಾಗುವುದೆಂದರೇನು ಎಂಬುದೇ ನಮ್ಮ ಪ್ರಶ್ನೆಯ ಹೃದಯ.

ಸುಖದಲ್ಲಿ ಅದು ಏಕೆ ಕಷ್ಟವಾಗಬೇಕು? ಜೀವನು ಪರತಂತ್ರ, ಈಶ್ವರನೊಬ್ಬನೇ ಸ್ವತಂತ್ರ ಎಂಬುದು ಮಧ್ವಾಚಾರ್ಯರ ಸಿದ್ಧಾಂತ. ಈ ಪಾರತಂತ್ರ್ಯವು ದುಃಖದಲ್ಲಿ ಮೈಗೆ ತಟ್ಟುತ್ತದೆ. ಮಗುವಿನ ಹಣೆಯ ಮೇಲೆ ಕೈಯಿಟ್ಟು ರಾತ್ರಿಯೆಲ್ಲ ಕುಳಿತ ತಾಯಿಗೆ ತನ್ನ ಶಕ್ತಿ ಇಷ್ಟೇ ಎಂದು ಯಾವ ಶಾಸ್ತ್ರಜ್ಞನೂ ಹೇಳಬೇಕಾದದ್ದಿಲ್ಲ. ಸುಖದಲ್ಲಾದರೆ ಅದು ಸತ್ಯವಾಗಿದ್ದರೂ ಅನುಭವಕ್ಕೆ ಬಾರದು. ಹೊಲ ನಾನು ಉತ್ತದ್ದು, ಬಿತ್ತಿದ್ದು ನಾನು, ಕೊಯ್ದದ್ದು ನಾನು. ಮಳೆಯೂ ಮಣ್ಣೂ ಬೀಜದೊಳಗಿನ ಮೊಳಕೆಯೂ ಆ ಲೆಕ್ಕದಲ್ಲಿ ಬಾರದೆ ಹೋಗುತ್ತವೆ. ಅನುಭವವು ಕೈಬಿಟ್ಟ ಕಡೆಯಲ್ಲಿ ಜ್ಞಾನವೇ ಕೈಹಿಡಿಯಬೇಕು. ಆಚಾರ್ಯರು ಭಕ್ತಿಯನ್ನು ನಿರ್ವಚಿಸುವಾಗ ಬರಿಯ ಸ್ನೇಹವೆನ್ನದೆ, ಮಾಹಾತ್ಮ್ಯಜ್ಞಾನವನ್ನು ಮುಂದಿಟ್ಟುಕೊಂಡ ಸುದೃಢವಾದ ಸ್ನೇಹವೆಂದದ್ದರ ಸ್ವಾರಸ್ಯ ನನಗೆ ಬಹುಕಾಲ ತಿಳಿದಿರಲಿಲ್ಲ. ಆ ‘ಸುದೃಢ’ವನ್ನು ವಿವರಿಸುತ್ತ ಜಯತೀರ್ಥರು ಸಾವಿರ ವಿಘ್ನಗಳಿಂದಲೂ ತಡೆಯಲಾಗದ ಪ್ರೇಮಪ್ರವಾಹವೆನ್ನುತ್ತಾರೆ. ಆ ಸಾವಿರದಲ್ಲಿ ವಿಘ್ನದಂತೆ ಕಾಣದ ವಿಘ್ನವೂ ಒಂದು ಸೇರಿದೆ: ತುಂಬಿದ ಮನೆ.

ಈ ಅಪಾಯವನ್ನು ಕಂಡವರು ನಮ್ಮಲ್ಲಿ ಮಾತ್ರ ಇದ್ದರೆಂದು ತಿಳಿಯಬಾರದು. ಬೈಬಲಿನ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ, 40 ವರ್ಷ ಮರುಭೂಮಿಯಲ್ಲಿ ಅಲೆದು ಬಂದ ಜನಕ್ಕೆ ಮೋಶೆಯು ಎಚ್ಚರಿಕೆ ಹೇಳುವುದು ಮುಂದೆ ಬರಲಿರುವ ಗೋದಿ, ದ್ರಾಕ್ಷಿ, ದಾಳಿಂಬೆಗಳ ನಾಡನ್ನು ಕುರಿತು: ಉಂಡು ತೃಪ್ತರಾದಾಗ, ಇದೆಲ್ಲ ನಮ್ಮ ತೋಳ್ಬಲದಿಂದ ಬಂದದ್ದೆಂದುಕೊಂಡು ದೇವರನ್ನು ಮರೆತೀರಿ ಎಂದು. ಚನ್ನಪಟ್ಟಣದ ಮುಸಲ್ಮಾನ ಬಂಧುಗಳ ಮಾತಿನಲ್ಲಿ ಸಬ್ರ್ ಮತ್ತು ಶುಕ್ರ್ ಎಂಬ ಜೋಡಿ ಪದಗಳುಂಟು, ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ. ಇಮಾಮ್ ಗಜಾಲಿಯು ಇವೆರಡನ್ನೂ ಒಂದೇ ಪ್ರಕರಣದಲ್ಲಿ ವಿಚಾರ ಮಾಡಿದ್ದಾನೆ.

ಭಾಗವತದಲ್ಲಿ ಈ ಸಮಸ್ಯೆಯನ್ನು ಎಲ್ಲರಿಗಿಂತ ನಿಷ್ಠುರವಾಗಿ ಎದುರಿಸಿದವಳು ಕುಂತಿ. ಯುದ್ಧ ಮುಗಿದಿದೆ, ಮಕ್ಕಳಿಗೆ ರಾಜ್ಯ ಬಂದಿದೆ, ಕೃಷ್ಣನು ದ್ವಾರಕೆಗೆ ಹೊರಟು ನಿಂತಿದ್ದಾನೆ. ಆಗ ಅವಳು ಬೇಡುವುದು ವಿಪತ್ತುಗಳನ್ನು. ಅರಗಿನ ಮನೆಯಲ್ಲಿ, ಅರಣ್ಯದಲ್ಲಿ, ರಣರಂಗದಲ್ಲಿ ವಿಪತ್ತು ಬಂದಾಗಲೆಲ್ಲ ನೀನೂ ಬಂದೆ, ಆದ್ದರಿಂದ ಅವೇ ಬರುತ್ತಿರಲಿ ಎಂಬುದು ಆ ತಾಯಿಯ ಮೊರೆ. ಓದಿದಾಗಲೆಲ್ಲ ಮೈ ಝುಮ್ಮೆನ್ನುವ ಪ್ರಾರ್ಥನೆ ಅದು. ಆದರೂ ಅದನ್ನು ಅನುಸರಿಸಿರೆಂದು ಯಾರಿಗೂ ಹೇಳಲು ನನಗೆ ಮನಸ್ಸು ಬಾರದು. ನೆನಪಿಗಾಗಿ ನೋವನ್ನು ಬೇಡುವುದಾದರೆ, ದೇವರು ಕೊಟ್ಟ ಸುಖವು ದೇವರಿಗೇ ವಿರೋಧಿಯಾಯಿತಲ್ಲವೆ?

ಇದಕ್ಕೆ ಉತ್ತರ ಚನ್ನಪಟ್ಟಣದ ಬಳಿಯಲ್ಲೇ ಇದೆ. ಮೈಸೂರಿನ ದಾರಿಯಲ್ಲಿ ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದೇವಾಲಯ. ಅದರೊಳಗೆ ಅಂಬೆಗಾಲಿಕ್ಕುತ್ತ, ಕೈಯಲ್ಲಿ ಬೆಣ್ಣೆ ಹಿಡಿದು ಮುಖವೆತ್ತಿದ ನವನೀತಕೃಷ್ಣ. ಮಕ್ಕಳಿಲ್ಲದ ದಂಪತಿಗಳು ಈ ಕೃಷ್ಣನಿಗೆ ಹರಕೆ ಹೊತ್ತು ತೊಟ್ಟಿಲು ಒಪ್ಪಿಸುವುದು ರೂಢಿ. ಒಂದೊಂದು ಪುಟ್ಟ ತೊಟ್ಟಿಲಿನ ಹಿಂದೆಯೂ ಒಂದು ಮನೆಯ ಕಣ್ಣೀರಿದೆ. ನಾನು ಮೊದಲ ಸಲ ಅವನ್ನು ಕಂಡಾಗ ನನಗೆ ನಮ್ಮ ಮನೆಯ ಮುಡಿಪು ನೆನಪಾಯಿತು. ಪುರಂದರದಾಸರು ಈ ಮೂರ್ತಿಯನ್ನು ಕಂಡೇ ‘ಜಗದೋದ್ಧಾರನ’ ಎಂಬ ಪದವನ್ನು ರಚಿಸಿದರೆಂದು ಪ್ರತೀತಿ. ಆ ಪದದ ನಾಯಕಿ ಯಶೋದೆ. ಅವಳು ಆರ್ತೆಯಲ್ಲ, ಅರ್ಥಾರ್ಥಿಯಲ್ಲ. ಅವಳ ಮನೆಯಲ್ಲಿ ಹಾಲಿದೆ, ಬೆಣ್ಣೆಯಿದೆ, ತೊಡೆಯ ಮೇಲೆ ಮಗುವಿದೆ. ಬೇಡುವುದಕ್ಕೆ ಏನೂ ಇಲ್ಲದ ಆ ತಾಯಿ ಭಗವಂತನನ್ನು ಆಡಿಸುತ್ತಿದ್ದಾಳೆ, ಅಷ್ಟೇ. ಅವಳ ಸುಖವೂ ಅವಳ ಭಕ್ತಿಯೂ ಬೇರೆಬೇರೆ ವಸ್ತುಗಳಾಗಿ ಉಳಿದಿಲ್ಲ. ಕುಂತಿಗೆ ಸುಖವು ದೇವರನ್ನು ಮರೆಸುವ ತೆರೆಯಾಗಿ ಕಂಡಿತು. ಯಶೋದೆಗೆ ಅದು ದೇವರು ಕುಳಿತಿರುವ ತೊಡೆಯೇ ಆಯಿತು. ಕಾಮ್ಯವು ನಿತ್ಯವಾಗುವುದೆಂದರೆ ಏನೆಂದು ಕೇಳಿದವರಿಗೆ ನಾನು ತೋರಿಸಬಲ್ಲ ಚಿತ್ರ ಇದು.

ಯಶೋದೆ ಪುರಾಣದವಳು, ನಮ್ಮ ಪಾಡು ಬೇರೆ ಎನ್ನುವವರು ಅದೇ ತಾಲ್ಲೂಕಿನ ಅಬ್ಬೂರಿನ ಕಡೆ ನೋಡಬಹುದು. ಕಣ್ವಾ ನದಿಯ ಸೀಮೆಯ ಆ ಚಿಕ್ಕ ಊರಿನಲ್ಲಿ ಬ್ರಹ್ಮಣ್ಯತೀರ್ಥರ ವೃಂದಾವನವಿದೆ. ಅವರಿಂದ ಸಂನ್ಯಾಸ ಪಡೆದ ಬಾಲಕನೇ ಮುಂದೆ ವ್ಯಾಸರಾಯರೆಂದು ಪ್ರಸಿದ್ಧರಾಗಿ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ಮಹಾನುಭಾವರು. ರಾಜನಿಗೆ ಕುಹೂಯೋಗವೆಂಬ ಗಂಡಾಂತರ ಬಂದಾಗ ಯತಿಗಳು ಸಿಂಹಾಸನದ ಮೇಲೆ ಕುಳಿತು, ಅದು ಕಳೆದ ಮೇಲೆ ಇಳಿದು ರಾಜ್ಯವನ್ನು ಹಿಂದಕ್ಕೆ ಕೊಟ್ಟರೆಂದು ಸಂಪ್ರದಾಯದವರು ಹೇಳುತ್ತಾರೆ. ಏರಿದ್ದಕ್ಕಿಂತ ಇಳಿದದ್ದು ದೊಡ್ಡದು. ಆದರೆ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು, ಅಷ್ಟು ರಾಜಮರ್ಯಾದೆಯ ನಡುವೆ ಅವರು ‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕೆ’, ‘ತರ್ಕತಾಂಡವ’ಗಳಂಥ ಗ್ರಂಥಗಳನ್ನು ಬರೆದದ್ದು. ಪಲ್ಲಕ್ಕಿ ಬಾಗಿಲಲ್ಲಿ ನಿಂತಿರುವಾಗ ಓಲೆಗರಿಯ ಮುಂದೆ ಕುಳಿತುಕೊಳ್ಳುವ ಮನಸ್ಸು ಸುಲಭವಾಗಿ ಬರುವಂಥದಲ್ಲ. ಅವರ ಶಿಷ್ಯರಾದ ಪುರಂದರದಾಸರು ಐಶ್ವರ್ಯವನ್ನು ಬಿಟ್ಟು ನಡೆದರು. ಗುರುಗಳು ಐಶ್ವರ್ಯದ ನಡುವೆ ಕುಳಿತೇ ಅದನ್ನು ಮುಟ್ಟದೆ ಇದ್ದರು. ಸಂಸಾರಿಗಳಾದ ನಮಗೆ ಎರಡನೆಯ ಪಾಠವೇ ಹೆಚ್ಚು ಹತ್ತಿರದ್ದು.

ಇನ್ನು ವಿಶ್ರಾಂತಿಯ ವಿಚಾರ. ದಣಿವಾರಿಸಿಕೊಳ್ಳುವ ಕಾಲದಲ್ಲಿ ದೇವರ ಕಡೆಯೂ ಸಡಿಲವಾಗಿರಬಹುದೆಂಬ ಭಾವನೆ ಬಹುಮಂದಿಗೆ ಸಹಜವಾಗಿಯೇ ಇದೆ. ರಾಮನಗರದ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ಮನೆಯೊಳಗೆ ಹೋಗಿ ನೋಡಿದರೆ ವಿಶ್ರಾಂತಿಯ ಬೇರೊಂದು ಅರ್ಥ ಹೊಳೆಯುತ್ತದೆ. ಹಿಪ್ಪುನೇರಳೆ ಸೊಪ್ಪನ್ನು ಸರಸರನೆ ಮೇಯುತ್ತಿದ್ದ ಹುಳುಗಳು ಒಂದು ಹೊತ್ತಿನಲ್ಲಿ ಮೇವು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ನಿಂತುಬಿಡುತ್ತವೆ. ಇದಕ್ಕೆ ಸಾಕುವವರು ಜ್ವರವೆನ್ನುತ್ತಾರೆ. ಗೂಡು ಕಟ್ಟುವುದರೊಳಗೆ ಒಂದು ಹುಳು ನಾಲ್ಕು ಜ್ವರಗಳನ್ನು ದಾಟಬೇಕು. ಹೊರಗಿನಿಂದ ನೋಡಿದವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ. ಒಳಗೆ ಹಳೆಯ ಚರ್ಮ ಸಡಿಲಗೊಂಡು ಹೊಸ ಚರ್ಮ ಮೂಡುತ್ತಿರುತ್ತದೆ. ಆ ಹೊತ್ತಿನಲ್ಲಿ ಮನೆಯೊಡತಿ ಹೊದ್ದು ಮಲಗುವುದಿಲ್ಲ. ಸೊಪ್ಪು ಹಾಕುವುದನ್ನು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ಹಾಸಿಗೆಯನ್ನು ಒಣಗಿಸಿ, ಗಾಳಿಯಾಡುವಂತೆ ನೋಡಿಕೊಂಡು, ಎಲ್ಲ ಹುಳುಗಳೂ ಜ್ವರದಿಂದ ಏಳುವವರೆಗೆ ಕಾಯುತ್ತಾಳೆ. ಅವಸರಪಟ್ಟು ಸೊಪ್ಪು ಕೊಟ್ಟರೆ ಕೆಲವು ಮುಂದಾಗಿ ಕೆಲವು ಹಿಂದಾಗಿ ಬೆಳೆ ಏರುಪೇರಾಗುತ್ತದೆ. ಮೇಯುವ ಕಾಲದಲ್ಲಿ ಬೇಕಾದದ್ದು ದುಡಿಮೆ, ಜ್ವರದ ಕಾಲದಲ್ಲಿ ಬೇಕಾದದ್ದು ಎಚ್ಚರ. ರಾಮಾನುಜಾಚಾರ್ಯರು ಭಕ್ತಿಯನ್ನು ಎಣ್ಣೆಯ ಧಾರೆಯಂತೆ ಕಡಿಯದ ಧ್ರುವಾನುಸ್ಮೃತಿಯೆಂದರು. ಆ ಧಾರೆ ಕಡಿಯುವುದು ಬಹುಮಟ್ಟಿಗೆ ಇಂಥ ನಿಶ್ಚಲವಾದ ಹೊತ್ತುಗಳಲ್ಲೇ.

ಹಾಗೆ ಕಡಿಯದಂತೆ ನಮ್ಮ ಹಿರಿಯರು ಮಾಡಿಕೊಂಡಿದ್ದ ಉಪಾಯಗಳು ಬಹಳ ಸರಳವಾದವು: ಸಂಜೆ ಹೊಸ್ತಿಲಿಗೆ ದೀಪ, ಕಣದಲ್ಲಿ ರಾಶಿಪೂಜೆಯಾದ ಮೇಲೆಯೇ ಅಳತೆ, ಹೊಸ ಫಲದಲ್ಲಿ ಮೊದಲನೆಯದು ದೇವರಿಗೆ, ಉಣ್ಣುವ ಮುನ್ನ ಬಾಗಿಲಿಗೆ ಬಂದವರಿಗೊಂದು ತುತ್ತು. ಇವುಗಳನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ಅವಿಚಾರ. ನೆನಪು ತಾನಾಗಿ ಬಾರದ ಕಾಲಕ್ಕೆಂದೇ ಇವು ಹುಟ್ಟಿದವು.

ಓದುಗರಲ್ಲಿ ನನ್ನದೊಂದು ಬಿನ್ನಹ. ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲದ, ಸಾಲಗಾರನ ಕಾಟವಿಲ್ಲದ, ಮಕ್ಕಳ ಪರೀಕ್ಷೆಯೂ ಮುಗಿದ ಒಂದು ದಿನ ದೊಡ್ಡಮಳೂರಿಗೆ ಹೋಗಿ ಬನ್ನಿ, ಚನ್ನಪಟ್ಟಣದಿಂದ ದೂರವೇನಿಲ್ಲ. ಹರಕೆ ಹೊರಬೇಡಿ, ಏನನ್ನೂ ಕೇಳಬೇಡಿ. ಆ ಮಗುವಿನ ಮುಖವನ್ನು ಒಂದಷ್ಟು ಹೊತ್ತು ನೋಡಿ, ಮನೆಗೆ ಹಿಂತಿರುಗಿ.